ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್ ತಗೊಳ್ಳೋದಾ ಬೇಡ್ವಾ: ಮೂರು ಹಳೇದು, ಒಂದು ಹೊಸದು, ನುಡಿಸಿ ನೋಡಿದ್ಮೇಲೆ

ಟ್ಯೂಬ್ ಆಂಪ್ ಅಂದ್ರೆ ಹಳೇ ರೇಡಿಯೋಲಿ ಇರ್ತಿದ್ದಂಥ ಗಾಜಿನ ವಾಲ್ವ್ ಮೇಲೆ ಓಡೋ ಗಿಟಾರ್ ಆಂಪ್ಲಿಫೈಯರ್. ಅದರ ಸೌಂಡ್ ಚೆನ್ನಾಗಿರತ್ತಾ ಅಂತ ಯಾರೂ ಕೇಳೋ ಅವಶ್ಯಕತೆ ಇಲ್ಲ, ಚೆನ್ನಾಗೇ ಇರತ್ತೆ. ಆದ್ರೆ ಆ ಸೌಂಡ್ ಬರೋವಷ್ಟು ವಾಲ್ಯೂಮ್ ನೀವು ಎಲ್ಲಿ ಕೂತು ತಿರುಗಿಸ್ತೀರ, ಆಮೇಲೆ ಅದು ಕೆಟ್ಟಾಗ ಯಾರ ಹತ್ರ ಹೊತ್ಕೊಂಡು ಹೋಗ್ತೀರ, ಇವೆರಡಕ್ಕೆ ಉತ್ತರ ಇಲ್ದೇ ಸುಮ್ನೆ ಫೋಟೋ ನೋಡಿ ಅಡ್ವಾನ್ಸ್ ಕಳ್ಸೋದು ಬೇಡ ಅನ್ನೋದು ನನ್ನ ಮಾತು. ಬೆಂಗಳೂರಲ್ಲಿ ನನ್ನ ಕಥೆ ಏನಂದ್ರೆ ಮನೆ ಅಪಾರ್ಟ್‌ಮೆಂಟಲ್ಲಿ, ಪಕ್ಕದ ಮನೆ ಕುಕ್ಕರ್ ವಿಸಿಲ್ ನಮ್ಮನೆಲೇ ಕೂಗಿದಂಗೆ ಕೇಳ್ಸತ್ತೆ, ವೀಕೆಂಡಲ್ಲಿ ಮಾತ್ರ ಬ್ಯಾಂಡ್ ಜೊತೆ ಜ್ಯಾಮ್ ರೂಮು. ನುಡಿಸೋದು ಬ್ಲೂಸು, ಹಳೇ ರಾಕು, ಮಧ್ಯೆ ಮಧ್ಯೆ ಭಾವಗೀತೆಗಳನ್ನ ಎಲೆಕ್ಟ್ರಿಕ್ ಮಾಡಿ ಹಾಡೋ ಸಾಹಸ ಕೂಡ ಇದೆ.

ನೋಡಿದ್ದು ನಾಲ್ಕು. ಸೆಕೆಂಡ್ ಹ್ಯಾಂಡಲ್ಲಿ ಫೆಂಡರ್ ಬ್ಲೂಸ್ ಜೂನಿಯರ್, ವಾಕ್ಸ್ ಎಸಿ15ಸಿ1, ಫೆಂಡರ್ ಹಾಟ್ ರಾಡ್ ಡಿಲಕ್ಸ್. ಇವಕ್ಕೆ ಎದುರಾಗಿ ಟ್ಯೂಬೇ ಇಲ್ದಿರೋ, ಬಾಸ್ ಕಂಪನಿಯ ಡಿಜಿಟಲ್ ಆಂಪ್ ಕಟಾನಾ-50, ಇದು ಮಾತ್ರ ಹೊಸದು. ಎಲ್ಲಾದಕ್ಕೂ ನಂದೇ ಟೆಲಿಕಾಸ್ಟರ್, ಅದೇ ಕೇಬಲ್, ಮೊದಲು ಪೆಡಲ್ ಇಲ್ದೇ. ಅಂಗಡಿಯಲ್ಲಾಗ್ಲಿ ಮಾರೋರ ಮನೆಯಲ್ಲಾಗ್ಲಿ ಅವರ ಗಿಟಾರಲ್ಲಿ ನುಡಿಸಿ ಆಂಪ್ ಬಗ್ಗೆ ತೀರ್ಮಾನ ಮಾಡ್ಬೇಡಿ, ಹಂಬಕರ್ (ಎರಡು ಕಾಯಿಲಿನ ಪಿಕಪ್) ಇರೋ ಗಿಟಾರಲ್ಲಿ ಎಲ್ಲಾ ಆಂಪೂ ದಪ್ಪಗೇ ಕೇಳ್ಸತ್ತೆ.

ಬ್ಲೂಸ್ ಜೂನಿಯರ್ ಇಂದ ಶುರು ಮಾಡೋಣ, ಯಾಕಂದ್ರೆ ಸೆಕೆಂಡ್ ಹ್ಯಾಂಡ್ ಹುಡುಕೋರಿಗೆ ಮೊದ್ಲು ಕಣ್ಣಿಗೆ ಬೀಳೋದೇ ಅದು. 15 ವ್ಯಾಟ್, ಸ್ಪೀಕರ್ ಓಡಿಸೋ ಪವರ್ ಹಂತಕ್ಕೆ ಎರಡು ಇಎಲ್84 ಟ್ಯೂಬು, ಗಿಟಾರ್ ಸಿಗ್ನಲ್ಲನ್ನ ಮೊದಲು ಹಿಗ್ಗಿಸೋ ಪ್ರೀಆಂಪ್‌ಗೆ ಮೂರು 12ಎಎಕ್ಸ್7 ಟ್ಯೂಬು, ಒಂದು 12 ಇಂಚು ಸ್ಪೀಕರ್, ನಿಜವಾದ ಸ್ಪ್ರಿಂಗ್ ರಿವರ್ಬ್, ತೂಕ ಸುಮಾರು 14 ಕೆಜಿ. ಮಾಸ್ಟರ್ (ಕೊನೇ ಸೌಂಡ್ ಎಷ್ಟು ಜೋರು ಅನ್ನೋ ನಾಬ್) ಪೂರ್ತಿ ಏರಿಸಿ ವಾಲ್ಯೂಮ್ 3ರಲ್ಲಿ ಇಟ್ರೆ ಕ್ಲೀನ್ ಸೌಂಡ್ ಗರಿಗರಿಯಾಗಿ ಬರತ್ತೆ, 5 ದಾಟ್ತಿದ್ದಂಗೆ ಸೌಂಡಿನ ಅಂಚು ಹರಿಯಕ್ಕೆ (ಡಿಸ್ಟಾರ್ಷನ್) ಶುರು, ಆಗ ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ವಾಪಸ್ ಕ್ಲೀನ್ ಆಗತ್ತೆ. ಈ ಕೈಮಾತು ಕೇಳೋ ಗುಣಕ್ಕೇ ಜನ ಟ್ಯೂಬ್ ಅಂತ ಸಾಯೋದು. ಆದ್ರೆ ಪೆಟ್ಟಿಗೆ ಚಿಕ್ಕದು, ಬೇಸ್ ಕಡಿಮೆ, ಗೋಡೆಗೆ ಒರಗ್ಸಿ ನೆಲದ ಮೇಲೆ ಇಟ್ರೆ ಸ್ವಲ್ಪ ಡಬ್ಬ ಸೌಂಡು, ಎತ್ತರದಲ್ಲಿ ಇಟ್ರೆ ಕೊಂಚ ತೆರ್ಕೊಳ್ಳತ್ತೆ. ಫ್ಯಾಟ್ ಅಂತ ಒಂದು ಸ್ವಿಚ್ಚಿದೆ, ಸೋಲೋ ಬಂದಾಗ ಒತ್ತಿದ್ರೆ ಮಿಡ್ ಉಬ್ಬಿ ಮುಂದೆ ಬರತ್ತೆ, ಚೆನ್ನಾಗಿದೆ. ಎಫೆಕ್ಟ್ಸ್ ಲೂಪ್, ಅಂದ್ರೆ ಪ್ರೀಆಂಪ್ ಆದ್ಮೇಲೆ ಪೆಡಲ್ ಸೇರ್ಸೋ ಜಾಗ, ಇಲ್ಲ. ಡಿಲೇ (ಪ್ರತಿಧ್ವನಿ) ಪೆಡಲ್ ಪ್ರೀತಿಸೋರು ಇದನ್ನ ಮರೀಬೇಡಿ, ಆಂಪ್ ಡಿಸ್ಟಾರ್ಷನ್ ಮುಂದೆ ಡಿಲೇ ಇಟ್ರೆ ಎಲ್ಲಾ ಕಲಸಿ ಗೊಜ್ಜಾಗತ್ತೆ.

ಎಸಿ15 ಬೇರೆ ಜಾತಿ. ಮೂಲ ಎಸಿ15 ಹುಟ್ಟಿದ್ದು 1958ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡಲ್ಲಿ, ಡಿಕ್ ಡೆನ್ನಿ ಡಿಸೈನು, ಟಾಮ್ ಜೆನ್ನಿಂಗ್ಸ್ ಕಂಪನಿ. ನಾನು ನೋಡಿದ ಸಿ1 ಚೀನಾದಲ್ಲಿ ಮಾಡಿರೋದು, ಅದಕ್ಕೆ ಮೂಗು ಮುರಿಯೋರು ಇದಾರೆ, ನಂಗೆ ಆ ತಕರಾರಿಲ್ಲ. ಇದೂ 15 ವ್ಯಾಟೇ, ಇದ್ರಲ್ಲೂ ಅದೇ ಎರಡು ಇಎಲ್84, ಮೂರು 12ಎಎಕ್ಸ್7, ಆದ್ರೂ ಎರಡನ್ನೂ ಪಕ್ಕಪಕ್ಕ ಇಟ್ಟು ನುಡಿಸಿದ್ರೆ ಅಣ್ಣತಮ್ಮ ಅಂತ ಯಾರೂ ಹೇಳಲ್ಲ. ಕಾರಣ ಇದೆ, ಫೆಂಡರಲ್ಲಿ ಔಟ್‌ಪುಟ್ಟಿಂದ ಒಂದಷ್ಟು ಸಿಗ್ನಲ್ಲನ್ನ ನೆಗೆಟಿವ್ ಫೀಡ್‌ಬ್ಯಾಕ್ ಅಂತ ವಾಪಸ್ ಕೊಟ್ಟು ಸೌಂಡನ್ನ ಲಗಾಮಲ್ಲಿ ಇಟ್ಟಿರ್ತಾರೆ, ವಾಕ್ಸಲ್ಲಿ ಆ ಲಗಾಮಿಲ್ಲ, ಹಂಗಾಗಿ ಕ್ಲೀನಿಂದ ಕ್ರಂಚಿಗೆ (ಹದವಾದ ಡಿಸ್ಟಾರ್ಷನ್ನಿಗೆ) ಹೋಗೋ ದಾರಿ ಮೆತ್ತಗೆ, ಮೇಲಿನ ಫ್ರೀಕ್ವೆನ್ಸಿಯಲ್ಲಿ ಒಂದು ಗಂಟೆ ನಾದ. ಓಪನ್ ಡಿ ಕಾರ್ಡ್ ಹೊಡೆದು ಬಿಟ್ರೆ ಒಂದೊಂದು ತಂತೀನೂ ಬೇರೆ ಬೇರೆ ಕೇಳ್ಸತ್ತೆ. ನಾರ್ಮಲ್ ಚಾನೆಲ್‌ಗೆ ಬರೀ ವಾಲ್ಯೂಮು, ಟಾಪ್ ಬೂಸ್ಟ್ ಚಾನೆಲ್‌ಗೆ ಟ್ರೆಬಲ್ಲು ಬೇಸು, ಮಿಡ್ ನಾಬ್ ಇಲ್ವೇ ಇಲ್ಲ. ಟೋನ್ ಕಟ್ ಅಂತ ಇನ್ನೊಂದಿದೆ, ಅದನ್ನ ಜಾಸ್ತಿ ಮಾಡಿದ್ರೆ ಟ್ರೆಬಲ್ ಕಡಿಮೆ ಆಗತ್ತೆ, ಅಭ್ಯಾಸ ಆಗೋವರ್ಗೂ ಕೈ ಉಲ್ಟಾ ಕಡೆಗೇ ಹೋಗ್ತಿರತ್ತೆ. ಸೌಂಡನ್ನ ಅಲೆ ಅಲೆಯಾಗಿ ಏರಿಳಿಸೋ ಟ್ರೆಮೊಲೋನೂ ಇದೆ, ಭಾವಗೀತೆಗೆ ಆ ಟ್ರೆಮೊಲೋ ಎಷ್ಟು ಒಪ್ಪತ್ತೆ ಅಂದ್ರೆ ನಮ್ಮ ಹಾಡೋ ಹುಡುಗಿ ಅಲ್ಲೇ ಇದನ್ನೇ ತಗೋ ಅಂದ್ಬಿಟ್ಲು. ಸೌಂಡ್ ಒಂದನ್ನೇ ನೋಡಿದ್ರೆ ನಂದೂ ಅದೇ ವೋಟು. ಆದ್ರೆ 22 ಕೆಜಿ.

ಹಾಟ್ ರಾಡ್ ಡಿಲಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ. 40 ವ್ಯಾಟು, ಎರಡು 6ಎಲ್6 ಪವರ್ ಟ್ಯೂಬು, ಎಫೆಕ್ಟ್ಸ್ ಲೂಪ್ ಇದೆ, ಪೆಡಲ್‌ಗಳನ್ನ ರಾಜನ ತರ ನೋಡ್ಕೊಳ್ಳತ್ತೆ, ದೊಡ್ಡ ಸ್ಟೇಜಲ್ಲಿ ನುಡಿಸೋರಿಗೆ ಕಣ್ಮುಚ್ಚಿ ಹೇಳ್ಬೋದು. ನಂಗೆ ವಾಲ್ಯೂಮ್ 2 ದಾಟ್ಸಕ್ಕೇ ಧೈರ್ಯ ಬರ್ಲಿಲ್ಲ, ಆ ನಾಬ್ ಶುರುವಲ್ಲೇ ಜೋರು ಹಾರತ್ತೆ. ಇದನ್ನ ತಗೊಳ್ಳೋರು ಟೆಕ್ನಿಷಿಯನ್ ಹತ್ರ ಒಂದು ವಿಷಯ ಹೇಳಿ ನೋಡ್ಸಿ, ಒಳಗೆ ಆರ್78, ಆರ್79 ಅಂತ ಎರಡು 5 ವ್ಯಾಟಿನ ರೆಸಿಸ್ಟರ್ ಇವೆ, ತುಂಬಾ ಬಿಸಿ ಆಗಿ ವರ್ಷಗಳಾದ್ಮೇಲೆ ಅಲ್ಲಿ ಬೆಸುಗೆ ಬಿರುಕು ಬಿಡೋದು ರಿಪೇರಿ ಮಾಡೋರಿಗೆಲ್ಲ ಗೊತ್ತಿರೋ ಸಂಗತಿ. ಸಣ್ಣ ಕೆಲಸ, ಆದ್ರೆ ಬೆಲೆ ಇಳ್ಸಕ್ಕೆ ಒಳ್ಳೇ ಕಾರಣ.

ಇಲ್ಲಿ ವ್ಯಾಟ್ ಲೆಕ್ಕ ಒಂದು ಹೇಳ್ಲೇಬೇಕು ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ವ್ಯಾಟ್ ಡಬಲ್ ಆದ್ರೆ ಸೌಂಡ್ ಡಬಲ್ ಆಗಲ್ಲ, ಬರೀ 3 ಡೆಸಿಬೆಲ್ ಏರತ್ತೆ, ಕಿವಿಗೆ ಎರಡರಷ್ಟು ಜೋರು ಅನ್ಸಕ್ಕೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಅಂದ್ರೆ 40 ವ್ಯಾಟ್ ಜೋರು, 15 ವ್ಯಾಟ್ ಮನೆಗೆ ಆಗತ್ತೆ ಅಂತ ಲೆಕ್ಕ ಹಾಕಿದ್ರೆ ಕೆಟ್ರಿ, 15 ವ್ಯಾಟಿನ ಟ್ಯೂಬ್ ಆಂಪು ಡ್ರಮ್ಸ್ ಪಕ್ಕ ನಿಂತು ಜಗಳ ಆಡೋ ಅಷ್ಟು ಜೋರಿರತ್ತೆ. ಪವರ್ ಟ್ಯೂಬ್ ದುಡಿಯೋ ವಾಲ್ಯೂಮಲ್ಲಿ ಯಾವ ಅಪಾರ್ಟ್‌ಮೆಂಟಲ್ಲೂ ನುಡಿಸಕ್ಕಾಗಲ್ಲ. ಮಾಸ್ಟರ್ ಇಳಿಸಿ ನುಡಿಸ್ಬೋದಲ್ಲ ಅಂತೀರಾ, ನುಡಿಸ್ಬೋದು, ಆದ್ರೆ ಆಗ ಡಿಸ್ಟಾರ್ಷನ್ ಬರೋದೆಲ್ಲ ಪ್ರೀಆಂಪಿಂದ, ಜೇನ್ನೊಣ ಡಬ್ಬಕ್ಕೆ ಹಾಕಿದಂಗೆ ಗುಂಯ್ ಅನ್ನತ್ತೆ, ಅದಕ್ಕೆ ಟ್ಯೂಬ್ ಯಾಕೆ ಬೇಕು.

ಹಂಗಾಗಿ ಮನೇಲಿ ಕಟಾನಾ ಗೆಲ್ಲತ್ತೆ, ಇದನ್ನ ಒಪ್ಕೊಳ್ಳಕ್ಕೆ ಟ್ಯೂಬ್ ಭಕ್ತರಿಗೆ ಸಂಕಟ ಆದ್ರೂ ಪರವಾಗಿಲ್ಲ. 50, 25, ಅರ್ಧ ವ್ಯಾಟ್ ಅಂತ ಪವರ್ ಸ್ವಿಚ್ ಇದೆ, ಅರ್ಧ ವ್ಯಾಟಲ್ಲಿ ರಾತ್ರಿ ಕೂತು ನುಡಿಸಿದ್ರೂ ಕ್ರಂಚ್ ಕ್ರಂಚೇ ಆಗಿರತ್ತೆ, ಹೆಡ್‌ಫೋನ್ ಹಾಕ್ಬೋದು, ಯುಎಸ್‌ಬಿ ಹಾಕಿ ನೇರ ರೆಕಾರ್ಡ್ ಮಾಡ್ಬೋದು, ತೂಕ 12 ಕೆಜಿ ಒಳಗೆ. ಸೋತಿದ್ದು ಜ್ಯಾಮ್ ರೂಮಲ್ಲಿ. ಜೋರು ಸಾಕಾಗ್ಲಿಲ್ಲ ಅಂತಲ್ಲ, ಸಾಕಷ್ಟು ಜೋರಿದೆ, ಆದ್ರೆ ಡ್ರಮ್ಮರ್ ಏರಿದಾಗ ನಾನು ಜೋರಾಗಿ ಮೀಟಿದ್ರೂ ಮೆತ್ತಗೆ ಮೀಟಿದ್ರೂ ಅದು ಹೆಚ್ಚುಕಮ್ಮಿ ಒಂದೇ ಮುಖ ಇಟ್ಕೊಂಡಿತ್ತು. ಪಕ್ಕದಲ್ಲಿ ಬ್ಲೂಸ್ ಜೂನಿಯರ್ ಇಟ್ಟು ಕೇಬಲ್ ಬದಲಾಯ್ಸಿದ ತಕ್ಷಣ ಬೇಸ್ ಹುಡುಗ ತಲೆ ಎತ್ತಿ ನೋಡ್ದ, ಅಷ್ಟೇ ಸಾಕ್ಷಿ. ರಿಪೇರಿ ವಿಷಯದಲ್ಲೂ ಡಿಜಿಟಲ್‌ದು ಬೇರೆ ಕಥೆ, ವಾರಂಟಿ ಮುಗಿದ್ಮೇಲೆ ಮುಖ್ಯ ಬೋರ್ಡ್ ಹೋದ್ರೆ ಬೋರ್ಡೇ ಬದಲಾಯ್ಸ್ಬೇಕು. ಟ್ಯೂಬ್ ಆಂಪಲ್ಲಿ ಸರ್ಕ್ಯೂಟ್ ಚಿತ್ರ ಸಿಗತ್ತೆ, ರೆಸಿಸ್ಟರ್, ಕೆಪಾಸಿಟರ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಸಿಗತ್ತೆ, ಕೈ ಪಳಗಿದ ಮನುಷ್ಯ ಒಬ್ಬ ಸಿಕ್ಕಿದ್ರೆ ಅದು ನಿಮಗಿಂತ ಜಾಸ್ತಿ ದಿನ ಬಾಳತ್ತೆ.

ಆ ಮನುಷ್ಯ ಎಲ್ಲಿ ಅಂದ್ರೆ ನನ್ನ ಸಲಹೆ, ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ದ ಹಿರಿಯರನ್ನ ಹುಡುಕಿ. ಗಿಟಾರ್ ಆಂಪ್ ಅವರು ನೋಡಿರ್ದೇ ಇರ್ಬೋದು ಆದ್ರೆ ಇದೇ ಇಎಲ್84 ಹಳೇ ರೇಡಿಯೋಗಳಲ್ಲಿ ಔಟ್‌ಪುಟ್ ವಾಲ್ವ್ ಆಗಿ ಕೂತಿರ್ತಿತ್ತು, 12ಎಎಕ್ಸ್7 ಅಂದ್ರೆ ಗೊತ್ತಾಗ್ದಿದ್ರೆ ಅದರ ಯುರೋಪಿನ ಹೆಸರು ಇಸಿಸಿ83 ಅನ್ನಿ, ಮುಖ ಅರಳತ್ತೆ. ನಮ್ಮ ಜಾಲಹಳ್ಳಿ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ಮಾಡ್ತಿತ್ತು, ಬಿಇಎಲ್ ಮುದ್ರೆ ಇರೋ ಹಳೇ ವಾಲ್ವ್‌ಗಳನ್ನ ಹೊರದೇಶದ ಗಿಟಾರ್‌ನೋರು ಹುಡ್ಕೊಂಡು ತಗೊಳ್ತಾರೆ, ನಮ್ಮ ಅಜ್ಜನ ಮನೆ ಅಟ್ಟದಲ್ಲಿ ಎಷ್ಟು ಹೋಯ್ತೋ ಏನೋ ಗುಜರಿಗೆ. ಈಗ ಹೊಸ ಟ್ಯೂಬ್ ಮಾಡೋ ಕಾರ್ಖಾನೆಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು, ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೊವ್‌ದು, ಚೀನಾದವು. 2022ರ ಮಾರ್ಚಲ್ಲಿ ರಷ್ಯಾ ರಫ್ತು ನಿಲ್ಸಿದಾಗ ಎಲ್ಲಾ ಕಡೆ ಗಾಬರಿ ಬಿದ್ದು ಸ್ಟಾಕ್ ಖಾಲಿ ಆಗಿದ್ದು ನೆನಪಿರ್ಬೋದು. ಟ್ಯೂಬ್ ಅಂದ್ರೆ ಸವೆಯೋ ವಸ್ತು, ಅದರ ಖರ್ಚು ಮೊದಲೇ ಬೆಲೆಗೆ ಸೇರ್ಸಿ ಲೆಕ್ಕ ಹಾಕಿ. ಬಯಾಸ್ ಅಂದ್ರೆ ನುಡಿಸ್ದೇ ಇದ್ದಾಗ ಪವರ್ ಟ್ಯೂಬಲ್ಲಿ ಎಷ್ಟು ಕರೆಂಟ್ ಹರಿಯತ್ತೆ ಅನ್ನೋ ಸೆಟ್ಟಿಂಗ್. ಎಸಿ15ದು ತನ್ನಷ್ಟಕ್ಕೆ ಸರಿಹೋಗೋ ಕ್ಯಾಥೋಡ್ ಬಯಾಸ್, ಟ್ಯೂಬ್ ಬದಲಾಯ್ಸಿದ್ರೆ ಏನೂ ಸೆಟ್ ಮಾಡೋದಿಲ್ಲ. ಹಾಟ್ ರಾಡಲ್ಲಿ ಬಯಾಸ್ ಸೆಟ್ ಮಾಡಕ್ಕೆ ಒಳಗೆ ಪಾಟ್ (ತಿರುಗಿಸೋ ಸಣ್ಣ ಕಂಟ್ರೋಲ್) ಇದೆ. ಬ್ಲೂಸ್ ಜೂನಿಯರಲ್ಲಿ ಪಾಟ್ ಇಲ್ಲ, ಬಯಾಸ್ ಫಿಕ್ಸ್ ಮಾಡಿ ಬಿಟ್ಟಿದಾರೆ, ಅದೂ ಸ್ವಲ್ಪ ಬಿಸಿ ಕಡೆಗೇ, ಹಂಗಾಗಿ ಟ್ಯೂಬ್ ಬೇಗ ಸವೆಯತ್ತೆ, ಬೇಕಿದ್ರೆ ಒಂದು ರೆಸಿಸ್ಟರ್ ಬದಲಾಯ್ಸಿ ತಣ್ಣಗೆ ಮಾಡ್ತಾರೆ.

ಈಗ ನೋಡೋದು ಹೆಂಗೆ. ನಾನು ಇನ್ನೊಂದು ಆಂಪೂ ನೋಡಿದ್ದೆ, ಬ್ರ್ಯಾಂಡ್ ಹೇಳಲ್ಲ, ತಪ್ಪು ಅದನ್ನ ತಯಾರಿಸಿದ ಕಂಪನಿದಲ್ಲ, ಇಟ್ಕೊಂಡೋರದು. ಮಾರೋರು ನಾನು ಬರೋ ಮೊದ್ಲೇ ಆನ್ ಮಾಡಿ ಬೆಚ್ಚಗೆ ಇಟ್ಟಿದ್ರು, ಹಂಗಿದ್ರೆ ಅನುಮಾನ ಪಡಿ, ತಣ್ಣಗಿರೋ ಆಂಪಿಂದಲೇ ಶುರು ಮಾಡ್ಬೇಕು, ಆಮೇಲೆ ಅರ್ಧ ಗಂಟೆನಾದ್ರೂ ಬಿಡ್ದೆ ನುಡಿಸ್ಬೇಕು, ಎಷ್ಟೋ ರೋಗ ಬಿಸಿ ಏರಿದ್ಮೇಲೇ ಹೊರಗೆ ಬರೋದು. ಗಿಟಾರ್ ತೆಗೆದು ಬರೀ ಹಮ್ (ಹಿನ್ನೆಲೆಯ ಗುಂಯ್ ಸದ್ದು) ಕೇಳಿ. ಅದರ ಶ್ರುತಿ ಆರನೇ ತಂತಿಯ ಮೂರನೇ ಫ್ರೆಟ್ಟಿಗೆ ಹತ್ರ ಇದ್ರೆ ಅದು 100 ಹರ್ಟ್ಸ್, ಆ ಜಿ ಸ್ವರ 98, ಅಂದ್ರೆ ಫಿಲ್ಟರ್ ಕೆಪಾಸಿಟರ್ ಮುದಿ ಆಗಿರೋ ಸಾಧ್ಯತೆ ಜಾಸ್ತಿ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ರೆ 50, ಅರ್ತಿಂಗೋ ಹೀಟರ್ ವೈರೋ ನೋಡ್ಬೇಕು. ನಾನು ನೋಡಿದ್ದರಲ್ಲಿ ಮೂರನೇ ಫ್ರೆಟ್ಟೇ ಹಾಡ್ತಿತ್ತು, ಎಲ್ಲಾ ಟ್ಯೂಬ್ ಆಂಪೂ ಹಿಂಗೇ ಸಾರ್ ಅಂದ್ರು, ನಮಸ್ಕಾರ ಹೇಳಿ ಬಂದೆ.

ಆಮೇಲೆ ಪೆನ್ಸಿಲ್ ಹಿಂಭಾಗದಿಂದ ಪ್ರೀಆಂಪ್ ಟ್ಯೂಬ್‌ಗಳನ್ನ ಮೆಲ್ಲಗೆ ತಟ್ಟಿ, ಸ್ಪೀಕರಲ್ಲಿ ಟಣ್ ಅಂತ ಜೋರಾಗಿ ಕೇಳ್ಸಿದ್ರೆ ಆ ಟ್ಯೂಬ್ ಮೈಕ್ರೊಫೋನಿಕ್, ಬದಲಾಯ್ಸ್ಬೇಕು, ಇದು ಸಣ್ಣ ಖರ್ಚು. ಲೈಟ್ ಆಫ್ ಮಾಡಿ ಪವರ್ ಟ್ಯೂಬ್ ನೋಡಿ, ಒಳಗಿನ ಹೀಟರ್ ಕಿತ್ತಳೆ ಬಣ್ಣ ಇರೋದು ಸರಿ, ಆದ್ರೆ ಹೊರಗಿನ ಬೂದು ಪ್ಲೇಟೇ ಕೆಂಪಾಗ್ತಿದ್ರೆ ತಕ್ಷಣ ಆಫ್ ಮಾಡಿ. ಸ್ಪೀಕರ್ ಕನೆಕ್ಟ್ ಇಲ್ದೇ ಟ್ಯೂಬ್ ಆಂಪ್ ಯಾವತ್ತೂ ಆನ್ ಮಾಡ್ಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗತ್ತೆ, ಇಡೀ ಆಂಪಲ್ಲಿ ದುಬಾರಿ ಪಾರ್ಟುಗಳಲ್ಲಿ ಅದೂ ಒಂದು. ಮತ್ತೆ ದಯವಿಟ್ಟು ಚಾಸಿ (ಸರ್ಕ್ಯೂಟ್ ಇರೋ ಲೋಹದ ಪೆಟ್ಟಿಗೆ) ಬಿಚ್ಚಿ ಕೈ ಹಾಕ್ಬೇಡಿ, ಪ್ಲಗ್ ತೆಗೆದ್ಮೇಲೂ ಕೆಪಾಸಿಟರಲ್ಲಿ 300 ವೋಲ್ಟ್ ಮೇಲೆ ಕೂತಿರ್ಬೋದು, ಅದು ತಮಾಷೆ ಅಲ್ಲ, ಜೀವ ಹೋಗತ್ತೆ.

ಅಮೆರಿಕದಿಂದ ವಾಪಸ್ ಬರೋರು ತಂದು ಮಾರೋ ಆಂಪ್‌ಗಳು ಕಡಿಮೆ ಬೆಲೆಗೆ ಸಿಗತ್ತೆ ನಿಜ, ಹಿಂದೆ ಬರೆದಿರೋದು ಓದಿ. 120 ವೋಲ್ಟ್ ಅಂತಿದ್ರೆ ನೇರ ನಮ್ಮ 230ಕ್ಕೆ ಹಾಕಿದ್ರೆ ಅಲ್ಲೇ ಶ್ರಾದ್ಧ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಕೊಂಡು ಓಡಿಸ್ಬೋದು, ಅದನ್ನೂ ಹೊರ್ಬೇಕು, ಇನ್ನೊಂದು ವಿಷಯ ಅಂದ್ರೆ ಬರೀ 60 ಹರ್ಟ್ಸ್ ಅಂತ ಬರೆದಿದ್ರೆ ನಮ್ಮ 50 ಹರ್ಟ್ಸಲ್ಲಿ ಅದರ ಪವರ್ ಟ್ರಾನ್ಸ್‌ಫಾರ್ಮರ್ ಇನ್ನೂ ಬಿಸಿ ಆಗತ್ತೆ, ಸ್ಟೆಪ್ ಡೌನ್ ವೋಲ್ಟೇಜ್ ಮಾತ್ರ ಇಳ್ಸೋದು, ಹರ್ಟ್ಸ್ ಬದಲಾಯ್ಸಲ್ಲ. ಜಪಾನಿಂದ ಬಂದಿದ್ರೆ 100 ವೋಲ್ಟು, ಅದಕ್ಕೆ 120ರ ಸ್ಟೆಪ್ ಡೌನ್ ಕೂಡ ತಪ್ಪು. ಕರೆಂಟ್ ಹೋದಾಗ ಮನೆ ಇನ್ವರ್ಟರ್ ಮೇಲೆ ನುಡಿಸಿ ಹಮ್ ಚೆಕ್ ಮಾಡಕ್ಕೆ ಹೋಗ್ಬೇಡಿ, ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಒಳ್ಳೇ ಆಂಪೂ ಝೇಂಕರಿಸತ್ತೆ.

ಬರೀ ಮನೇಲಿ ನುಡಿಸೋರಾದ್ರೆ ಕಟಾನಾ ತಗೊಂಡು ಉಳಿದ ದುಡ್ಡಲ್ಲಿ ಪಾಠಕ್ಕೆ ಸೇರ್ಕೊಳ್ಳಿ, ನಿಜವಾಗ್ಲೂ. ವಾರಕ್ಕೊಮ್ಮೆಯಾದ್ರೂ ಜೋರಾಗಿ ನುಡಿಸೋ ಜಾಗ ಇದ್ರೆ, ರಿಪೇರಿಗೆ ಒಬ್ಬರು ಗೊತ್ತಿದ್ರೆ, 230 ವೋಲ್ಟಿನ ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್ ಹೊಸದಕ್ಕಿಂತ ಬುದ್ಧಿವಂತ ಖರೀದಿ. ನಾನು ತಗೊಂಡಿದ್ದು ಬ್ಲೂಸ್ ಜೂನಿಯರ್. ಎಸಿ15 ಕಿವಿಗೆ ಗೆದ್ದಿತ್ತು, ಆದ್ರೆ ನಮ್ಮ ಜ್ಯಾಮ್ ರೂಮ್ ಮೂರನೇ ಮಹಡಿ, ಲಿಫ್ಟ್ ಇಲ್ಲ, 14ಕ್ಕೂ 22ಕ್ಕೂ ಇರೋ ವ್ಯತ್ಯಾಸ ಎರಡನೇ ಮಹಡಿ ಹತ್ರ ಸೊಂಟಕ್ಕೆ ಚೆನ್ನಾಗಿ ಅರ್ಥ ಆಗತ್ತೆ. ಹಳೇ ಪವರ್ ಟ್ಯೂಬ್ ಸವೆದಿತ್ತು ಅಂತ ಒಂದು ಮ್ಯಾಚ್ಡ್ ಪೇರ್ (ಒಂದೇ ಅಳತೆಗೆ ಹೊಂದೋ ಎರಡು ಟ್ಯೂಬ್) ದುಡ್ಡು ಬೆಲೆಯಲ್ಲಿ ಕಡಿಮೆ ಮಾಡ್ಸಿದೆ, ಮಾರೋರು ಗೊಣಗ್ತಾನೇ ಒಪ್ಪಿದ್ರು. ಆ ಎಸಿ15 ಇನ್ನೂ ಸೇಲ್ ಆಗಿಲ್ವಂತೆ, ಗ್ರೌಂಡ್ ಫ್ಲೋರಲ್ಲಿ ಜ್ಯಾಮ್ ರೂಮ್ ಇರೋರು ಬೇಗ ನೋಡ್ಕೊಳ್ಳಿ.