‘ಅಂತ’ ಮೇಲೋ, ‘ದ್ವೀಪ’ ಮೇಲೋ: ಮಳೆಗಾಲದ ಒಂದು ವಾದ

ನಮ್ಮ ಭಾವನ ಪ್ರಕಾರ ರಾಜಕೀಯದ ಸಿನಿಮಾ ಅಂದ್ರೆ ‘ಅಂತ’ ಒಂದೇ. ಉಳಿದದ್ದೆಲ್ಲ ಸುಮ್ನೆ. ನಮ್ಮ ಮನೆಗೆ ಬಂದಾಗಲೆಲ್ಲ ಊಟ ಆದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಇದನ್ನು ಹೇಳಿಯೇ ಹೇಳುತ್ತಾರೆ. ಈ ಸಲ ಆಷಾಢದ ಮಳೆ ಹಿಡಿದುಕೊಂಡು ಅವರು ಎಂಟು ದಿನ ಇಲ್ಲೇ ಉಳಿಯಬೇಕಾಯಿತು. ಸರಿ, ನೋಡೇ ಬಿಡೋಣ ಅಂತ ನಾನೂ ಹಟಕ್ಕೆ ಬಿದ್ದೆ. ಕರೆಂಟ್ ಇದ್ದ ರಾತ್ರಿಗೆ ಒಂದು ಸಿನಿಮಾ. ನೋಡುವವರು ಅಪ್ಪ, ಅಮ್ಮ, ಭಾವ, ನಾನು, ಪಕ್ಕದ ಮನೆಯ ಕಾಲೇಜು ಹುಡುಗ. ಮುಗಿದ ಮೇಲೆ ಜಗುಲಿಯಲ್ಲಿ ಮಾತು ಎಷ್ಟು ಹೊತ್ತು ನಡೆಯಿತು, ಅದೇ ಅಳತೆ. ಅಮ್ಮ ಎಷ್ಟು ಸಲ ಕಷಾಯ ಕಾಸಿದಳೋ ಅಷ್ಟು ಅಂಕ.

ಶಿವಮೊಗ್ಗ ಜಿಲ್ಲೆಯಲ್ಲಿ ರಾಜಕೀಯದ ಮಾತಿಗೆ ಬರ ಇಲ್ಲ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ, ನಾಲ್ವರು ಮುಖ್ಯಮಂತ್ರಿಗಳು ನಮ್ಮವರು. ಪಟೇಲರ ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ, ನಿಜ. ಆದರೆ ಪಟೇಲರನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.

ಮೊದಲ ರಾತ್ರಿ ಭಾವನದೇ ಆಯ್ಕೆ. ‘ಅಂತ’, 1981, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಅಂಬರೀಶ್ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರನೂ ಹೌದು, ಕನ್ವರ್‌ಲಾಲನೂ ಹೌದು. ಭಾವ ಪ್ರತಿ ಡೈಲಾಗನ್ನೂ ಅಂಬರೀಶ್‌ಗಿಂತ ಅರ್ಧ ಸೆಕೆಂಡ್ ಮೊದಲೇ ಹೇಳುತ್ತಿದ್ದರು. ಚಿತ್ರಹಿಂಸೆಯ ದೃಶ್ಯ ಬಂದಾಗ ಅಮ್ಮ ಎದ್ದು ಒಳಗೆ ಹೋದಳು. ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ, ಅದನ್ನು ಒಪ್ಪಬೇಕು. ಆದರೆ ಮುಗಿದ ಮೇಲೆ ನಡೆದ ಮಾತೆಲ್ಲ ಅಂಬರೀಶ್ ಬಗ್ಗೆ. ರಾಜಕೀಯದ ಬಗ್ಗೆ ಒಂದು ಮಾತೂ ಇಲ್ಲ. ಕೆಟ್ಟವರೆಲ್ಲ ದೊಡ್ಡ ಬಂಗಲೆಯಲ್ಲಿ ಇದ್ದಾರೆ, ನಮ್ಮ ಜಗುಲಿಗೂ ಅವರಿಗೂ ಏನು ಸಂಬಂಧ? ಒಂದು ಕಷಾಯಕ್ಕೆ ಎಲ್ಲರೂ ಮಲಗಿದರು.

ಮರುದಿನ ನಾನು ಹಾಕಿದ್ದು ಮಲಯಾಳಂನ ‘ಸಂದೇಶಂ’, 1991, ಸತ್ಯನ್ ಅಂತಿಕ್ಕಾಡ್ ನಿರ್ದೇಶನ. ಇಲ್ಲಿ ಬಂದೂಕಿಲ್ಲ, ಬಂಗಲೆ ಇಲ್ಲ. ರೈಲ್ವೆಯಿಂದ ನಿವೃತ್ತರಾದ ಅಪ್ಪ ಊರಿಗೆ ಬಂದು ನೋಡಿದರೆ ಇಬ್ಬರು ಗಂಡುಮಕ್ಕಳು ಎರಡು ಪಕ್ಷ. ಮನೆಯಲ್ಲಿ ಕೂತು ಎಲ್ಲೋ ಇರುವ ಪೋಲೆಂಡಿನ ಸಲುವಾಗಿ ಕಿತ್ತಾಡುತ್ತಾರೆ. ಉತ್ತರದಿಂದ ಬಂದ ನಾಯಕರು ಹಿಂದಿಯಲ್ಲಿ ಎಳನೀರು ಕೇಳುತ್ತಾರೆ, ಕಾರ್ಯಕರ್ತರಿಗೆ ಏನೂ ತಿಳಿಯುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವ ಕೆಲಸ ಪಕ್ಕದ ಮನೆ ಹುಡುಗನದು. ಅಪ್ಪ ಅವನಿಗೆ ಕಾಯಲಿಲ್ಲ, ನಟರ ಮುಖ ನೋಡಿಯೇ ನಗುತ್ತಿದ್ದರು.

ಭಾವ ಮಾತ್ರ ಅರ್ಧಕ್ಕೆ ನಗು ನಿಲ್ಲಿಸಿದರು. ಹೋದ ಸಲದ ಗ್ರಾಮ ಪಂಚಾಯಿತಿ ಚುನಾವಣೆಯಿಂದ ಅವರಿಗೂ ಅವರ ತಮ್ಮನಿಗೂ ಮಾತಿಲ್ಲ. ತೋಟದ ನಡುವೆ ಬೇಲಿ ಬಂದಿದೆ. ಅವತ್ತು ಕಷಾಯ ಎರಡು ಸಲ ಬಂತು. ಭಾವ ಎರಡನೆಯದನ್ನು ಕುಡಿಯಲಿಲ್ಲ.

ವೋಟಿನ ಮೇಲೆ ಎರಡು ಸಿನಿಮಾ ನೋಡಿದೆವು. ತಮಿಳಿನ ‘ಮಂಡೇಲಾ’ (2021) ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಊರಿನ ಎರಡು ಬಣಕ್ಕೂ ವೋಟು ಸಮ ಸಮ. ಗೆಲುವು ನಿಂತಿರುವುದು ಮರದಡಿ ಮಲಗುವ ಕ್ಷೌರಿಕನ ಒಂದೇ ಒಂದು ವೋಟಿನ ಮೇಲೆ. ನಿನ್ನೆವರೆಗೆ ಅವನ ಹೆಸರೂ ಕೇಳದವರು ಇವತ್ತು ಸೇವೆಗೆ ಸಾಲು ನಿಲ್ಲುತ್ತಾರೆ. ಯೋಗಿ ಬಾಬು ಸುಮ್ಮನೆ ನಿಂತರೂ ನಗು ಬರುತ್ತದೆ. ಚೆನ್ನಾಗಿದೆ, ಆದರೆ ಕೊನೆಗೆ ಬೆಲ್ಲ ಸ್ವಲ್ಪ ಜಾಸ್ತಿ ಬಿದ್ದಿದೆ.

‘ನ್ಯೂಟನ್’ (2017) ಹಾಗಲ್ಲ. ಛತ್ತೀಸಗಡದ ಕಾಡು, 76 ಮತದಾರರು, ನಿಯಮ ಬಿಟ್ಟು ಒಂದಿಂಚೂ ಅಲ್ಲಾಡದ ಒಬ್ಬ ಗುಮಾಸ್ತ. ಇದನ್ನು ನಾನು ಬರೀ ಸಿನಿಮಾ ಅಂತ ನೋಡಲಿಕ್ಕೇ ಆಗಲಿಲ್ಲ. ನಾನು ಮೇಷ್ಟ್ರು. 2018ರ ವಿಧಾನಸಭೆ ಚುನಾವಣೆಗೆ ನನಗೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಮತಗಟ್ಟೆಗೆ ಡ್ಯೂಟಿ ಬಿದ್ದಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚ್. ಬಸ್ಸು ಲಾಂಚಿನ ಮೇಲೆ, ನಾವು ಬಸ್ಸಿನ ಒಳಗೆ, ಮತಯಂತ್ರದ ಪೆಟ್ಟಿಗೆ ನನ್ನ ಕಾಲ ಮೇಲೆ. ನೀರಿಗೆ ಬಿದ್ದರೆ ಈಜು ಬರುವುದಿಲ್ಲ, ನನಗೂ ಪೆಟ್ಟಿಗೆಗೂ. (ಈಗ ಅಲ್ಲಿ ಸೇತುವೆ ಆಗಿದೆ. 2025ರ ಜುಲೈನಲ್ಲಿ ತೆರೆಯಿತು.)

ಬೆಳಿಗ್ಗೆ ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ಮಾಡಬೇಕು, ಕಡಿಮೆ ಅಂದ್ರೆ 50 ವೋಟು. ಆಮೇಲೆ ‘ಕ್ಲಿಯರ್’ ಗುಂಡಿ ಒತ್ತಿ ಆ ವೋಟು ಅಳಿಸಬೇಕು. ಅದನ್ನು ಮರೆತರೆ ಕತೆ ಮುಗೀತು. ನಾನು ಒತ್ತಿದ್ದೆ. ಆದರೂ ಇವತ್ತಿಗೂ ಒಮ್ಮೊಮ್ಮೆ ನಡುರಾತ್ರಿ ‘ಒತ್ತಿದ್ನಾ?’ ಅಂತ ಎಚ್ಚರ ಆಗುತ್ತದೆ. ಮಧ್ಯಾಹ್ನ ಒಬ್ಬ ಅಜ್ಜಿ ವೋಟು ಹಾಕಿದವರು ಮರೆಯಿಂದ ಹೊರಗೇ ಬರಲಿಲ್ಲ. ‘ಏನಮ್ಮ?’ ಅಂದೆ. ‘ನನ್ನ ಚೀಟಿ ಒಳಗೆ ಬಿತ್ತಲ್ಲ, ಅದನ್ನ ಕೊಡಿ’ ಅಂದರು. ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದಲ್ಲ, ಅದು. ರೇಷನ್ ಅಂಗಡಿಯಲ್ಲಿ ಚೀಟಿ ಕೊಡುತ್ತಾರೆ, ಬಸ್ಸಿನಲ್ಲಿ ಕೊಡುತ್ತಾರೆ, ಇಲ್ಲಿ ಯಾಕೆ ಇಲ್ಲ? ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ‘ನ್ಯೂಟನ್’ನ ಗುಮಾಸ್ತನಾಗಿ ರಾಜ್‌ಕುಮಾರ್ ರಾವ್ ಆ ಕಾಡಿನ ಜನರಿಗೆ ಯಂತ್ರ ತೋರಿಸಿ ವಿವರಿಸಲು ಒದ್ದಾಡುವಾಗ ನನಗೆ ಬೆವರು ಬಂತು. ಈ ಸಿನಿಮಾ ನಾಯಕನನ್ನೂ ಸುಮ್ಮನೆ ಬಿಡುವುದಿಲ್ಲ. ಪ್ರಾಮಾಣಿಕ ಮನುಷ್ಯ ಪಕ್ಕದವರಿಗೆ ಎಷ್ಟು ಕಿರಿಕಿರಿ ಆಗಬಹುದು ಅನ್ನುವುದನ್ನೂ ತೋರಿಸುತ್ತದೆ. ‘ಅಂತ’ದ ಸುಶೀಲ್ ಕುಮಾರನಿಗೆ ಆ ಕಷ್ಟ ಇಲ್ಲ. ಮೂರು ಕಷಾಯ. ಭಾವನಿಗೂ ಹಿಡಿಸಿತು, ಆದರೆ ‘ಫೈಟ್ ಬೇಕಿತ್ತು’ ಅಂದರು.

ನಾಲ್ಕು ದಿನ ಕರೆಂಟ್ ಇದ್ದದ್ದೇ ಹೆಚ್ಚು. ಎರಡು ದಿನ ಬಿಟ್ಟು ‘ದ್ವೀಪ’ (2002) ನೋಡಿದೆವು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜರ ಕಾದಂಬರಿ, ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ ನಿರ್ದೇಶನ. ನಾಗಿಯ ಪಾತ್ರ ಮಾಡಿದ ಸೌಂದರ್ಯ ಅವರೇ ನಿರ್ಮಾಪಕಿ. ಅಣೆಕಟ್ಟಿನ ನೀರು ಏರುತ್ತದೆ, ಊರವರು ಪರಿಹಾರ ತೆಗೆದುಕೊಂಡು ಹೊರಡುತ್ತಾರೆ. ಸೀತಾಪರ್ವತದಲ್ಲಿ ದುಗ್ಗಜ್ಜ, ಗಣಪ, ನಾಗಿ ಉಳಿಯುತ್ತಾರೆ. ಮಂತ್ರಿ ಇಲ್ಲ, ಭಾಷಣ ಇಲ್ಲ. ಹಾಗಾದರೆ ಇದು ರಾಜಕೀಯದ ಸಿನಿಮಾ ಹೇಗೆ ಅಂತ ಭಾವನ ತಕರಾರು.

ಉತ್ತರ ಕೊಟ್ಟದ್ದು ಅಪ್ಪ. ನಮ್ಮ ಕಡೆ ಮಳೆಗಾಲ ಪೂರ್ತಿ ಒಂದೇ ಲೆಕ್ಕ: ಲಿಂಗನಮಕ್ಕಿ ಎಷ್ಟು ಅಡಿ ಬಂತು? ತುಂಬಿದರೆ 1819. ಪೇಪರ್ ಬಂದ ಕೂಡಲೇ ಅಪ್ಪ ಮೊದಲು ನೋಡುವುದು ಅದನ್ನೇ. 1964ರಲ್ಲಿ ಡ್ಯಾಂ ಆದಾಗ ಅವರಿಗೆ ಹದಿನೇಳು ವರ್ಷ. ಅವರ ಅಜ್ಜನ ಮನೆ ನೀರಿನ ಅಡಿ ಇದೆ. ಈ ಕತೆ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅವತ್ತು ಬಂತು. ಅಡಿಕೆ ಮರ ಎಣಿಸಲು ಬಂದವನು ಕ್ಯಾನ್ವಾಸ್ ಬೂಟು ಹಾಕಿದ್ದನಂತೆ. ಮಜ್ಜಿಗೆ ಕೇಳಿ ಕುಡಿದನಂತೆ. ಎಣಿಕೆ ತಪ್ಪಿತು ಅಂತ ಎರಡನೇ ಸಲ ಎಣಿಸಿದನಂತೆ, ಅಜ್ಜ ಮರದಿಂದ ಮರಕ್ಕೆ ಅವನ ಹಿಂದೆಯೇ ಹೋದರಂತೆ. ‘ಒಳ್ಳೆ ಮನುಷ್ಯ’ ಅಂದರು ಅಪ್ಪ. ಸಿಟ್ಟು ಮಾಡಲಿಕ್ಕೂ ಒಬ್ಬ ಕೆಟ್ಟವನು ಸಿಗಲಿಲ್ಲ ಅವರಿಗೆ. ‘ದ್ವೀಪ’ದಲ್ಲೂ ಖಳನಾಯಕ ಇಲ್ಲ, ನೀರು ಮತ್ತು ಪರಿಹಾರದ ಲೆಕ್ಕ ಅಷ್ಟೇ. ನನ್ನ ಮಟ್ಟಿಗೆ ಅದು ‘ಅಂತ’ಕ್ಕಿಂತ ಮೇಲೆ ನಿಲ್ಲುವುದು ಇದೇ ಕಾರಣಕ್ಕೆ.

ತಪ್ಪೂ ಇದೆ. ನಿಧಾನ ಜಾಸ್ತಿ. ಪಕ್ಕದ ಮನೆ ಹುಡುಗ ಗೊರಕೆ ಹೊಡೆದ. ಹೊರಗಿನಿಂದ ಬರುವ ಕೃಷ್ಣನ ಭಾಗ ಅಂಟಿಸಿದ ಹಾಗೆ ಅನಿಸಿತು. ಆದರೂ ಕಷಾಯ ನಾಲ್ಕು. ಕೊನೆಯದನ್ನು ಅಮ್ಮ ಹೇಳದೆಯೇ ತಂದಳು.

ಕಡೆಯ ರಾತ್ರಿ ‘ಅವಸ್ಥೆ’ (1987). ಅನಂತಮೂರ್ತಿಯವರ ಕಾದಂಬರಿ, ಕೃಷ್ಣ ಮಾಸಡಿ ನಿರ್ದೇಶನ, ಅನಂತನಾಗ್. ಹಾಸಿಗೆ ಹಿಡಿದ ನಾಯಕ ಕೃಷ್ಣಪ್ಪ ತನ್ನ ಬದುಕನ್ನು ತಿರುಗಿ ನೋಡುತ್ತಾನೆ. ಅವನ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳು ಇದೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. 1951ರ ಕಾಗೋಡು ಸತ್ಯಾಗ್ರಹದ ನೆಲ ಇದು. ಭತ್ತ ಅಳೆಯುವ ಕೊಳಗದ ಜಗಳದಿಂದ ಗೇಣಿದಾರರು ಎದ್ದು ನಿಂತ ಊರು. ನಮಗೆ ಸಿಕ್ಕ ಪ್ರಿಂಟ್ ಹಳೆಯದು, ದನಿ ಸರಿ ಇಲ್ಲ. ಅನಂತನಾಗ್ ಮಾತಾಡಿದಾಗಲೆಲ್ಲ ಅಪ್ಪ ‘ಗೌಡ್ರ ದನಿ ಹೀಗಿರಲಿಲ್ಲ’ ಅಂತ ತಡೆಯುತ್ತಿದ್ದರು. ಚಿಕ್ಕಂದಿನಲ್ಲಿ ಗೌಡರ ಭಾಷಣ ಕೇಳಿದವರು, ಅವರ ಜೊತೆ ವಾದಕ್ಕೆ ಯಾರು ಇಳಿಯುತ್ತಾರೆ? ಇದಕ್ಕೆ ಅಂಕ ಕೊಡಲು ಆಗಲಿಲ್ಲ, ಯಾಕೆಂದರೆ ಇನ್ನೂ ಅರ್ಧ ಗಂಟೆ ಇರುವಾಗ ಕರೆಂಟ್ ಹೋಯಿತು.

ಬೆಳಿಗ್ಗೆ ಮಳೆ ಬಿಟ್ಟಿತು. ಭಾವ ಕೊಡೆ ಹಿಡಿದು ಬಸ್ಸಿಗೆ ಹೊರಟರು. ‘ಏನೇ ಹೇಳು, ಅಂತ ಅಂತಾನೇ’ ಅಂದರು. ಸಾಗರ ತಲುಪಿದ ಮೇಲೆ ಫೋನ್ ಬಂತು. ‘ಆ ಮಲಯಾಳಂ ಸಿನಿಮಾದ ಹೆಸರು ಏನು ಮಾರಾಯ? ತಮ್ಮನಿಗೆ ಕಳಿಸೋದಿತ್ತು.’

ಹೆಸರು ಕಳಿಸಿದೆ. ‘ಅವಸ್ಥೆ’ಯ ಅರ್ಧ ಗಂಟೆ ನಮಗಿನ್ನೂ ಬಾಕಿ ಇದೆ.