ಅಮ್ಮ ಬಂದಳು, ಅಪ್ಪ ಬಂದರು: ಸ್ಟೋರಿವೀವರ್‌ನ ಕನ್ನಡ ಕಥೆಗಳನ್ನು ಆರಿಸುವ ಮುನ್ನ

‘ಅಮ್ಮ ರೊಟ್ಟಿ ತಟ್ಟಿದಳು. ಅಪ್ಪ ಪೇಪರ್ ಓದಿದರು.’ ಮಕ್ಕಳ ಕಥೆಯಲ್ಲಿ ಇಂಥ ಎರಡು ವಾಕ್ಯ ಬಂದರೆ ಆರೇ ಪದಗಳಲ್ಲಿ ಎರಡು ಪಾಠ ಮುಗಿಯುತ್ತದೆ. ಒಲೆ ಯಾರದ್ದು ಎಂಬುದು ಮೊದಲನೆಯದು. ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಮರ್ಯಾದೆ ಯಾರಿಗೆ ಎಂಬುದು ಎರಡನೆಯದು. ಅದು ಕ್ರಿಯಾಪದದ ತುದಿಯ ‘ಳು’ ಮತ್ತು ‘ರು’ಗಳಲ್ಲಿ ಕೂತಿರುವುದರಿಂದ ದೊಡ್ಡವರು ಗಮನಿಸದೆ ಓದಿಬಿಡುತ್ತಾರೆ, ಮಗು ಮಾತ್ರ ಕಲಿತುಕೊಳ್ಳುತ್ತದೆ. ಸ್ಟೋರಿವೀವರ್ ಜಾಲತಾಣದ ಕನ್ನಡ ಪುಸ್ತಕಗಳನ್ನು ಇಲ್ಲಿ ಮುಖ್ಯವಾಗಿ ಈ ಎರಡನೆಯ ಪಾಠದ ದೃಷ್ಟಿಯಿಂದ ನೋಡಲಾಗಿದೆ.

ಬೆಂಗಳೂರಿನ ಲಾಭರಹಿತ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಈ ತಾಣವನ್ನು ತೆರೆಯಿತು. ಓದಲು ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ. ಭಾಷೆ, ಓದಿನ ಮಟ್ಟ, ವಿಷಯ, ಪ್ರಕಾಶಕರು ಹೀಗೆ ಸೋಸಿ ಹುಡುಕಬಹುದು. ಮಟ್ಟಗಳು ನಾಲ್ಕು. ಓದಲು ಆಗಷ್ಟೇ ಹೊರಟ ಮಕ್ಕಳಿಗೆ 1, ಗೊತ್ತಿರುವ ಪದ ಗುರುತಿಸಿ ಹೊಸದನ್ನು ಸಹಾಯ ಪಡೆದು ಓದುವವರಿಗೆ 2, ಸ್ವಂತವಾಗಿ ಓದಲು ಸಿದ್ಧರಾದವರಿಗೆ 3, ಸರಾಗವಾಗಿ ಓದುವವರಿಗೆ 4. ಲಿಂಗದ ಅಚ್ಚು ಅತಿ ಗಟ್ಟಿಯಾಗಿ ಬೀಳುವುದು 1 ಮತ್ತು 2ರಲ್ಲಿ. ಅಲ್ಲಿ ವಾಕ್ಯಗಳು ಚಿಕ್ಕವು, ಒಂದೇ ಕ್ರಿಯಾಪದ ಪುಟಪುಟಕ್ಕೂ ಮರಳುತ್ತದೆ, ಮಗು ಅದೇ ಪುಸ್ತಕವನ್ನು ಇಪ್ಪತ್ತು ಸಲ ಓದಿಸಿಕೊಳ್ಳುತ್ತದೆ.

ಇಲ್ಲಿನ ದೊಡ್ಡ ಅನುಕೂಲ ಪರವಾನಗಿಯದು. ಕಥೆಗಳು ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಅಡಿ ಬರುತ್ತವೆ. ಅಂದರೆ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಅನುವಾದಿಸಬಹುದು, ತಿದ್ದಲೂಬಹುದು. ಅಂಗಡಿಯಲ್ಲಿ ಕೊಂಡ ಪುಸ್ತಕದ ‘ಬಂದಳು’ವಿಗೆ ಪೆನ್ನು ಹಚ್ಚಿದರೆ ಅದು ನಿಮ್ಮ ಮನೆಯೊಳಗೇ ಉಳಿಯುತ್ತದೆ. ಇಲ್ಲಿ ತಿದ್ದಿದ್ದನ್ನು ಇನ್ನೊಂದು ಶಾಲೆಗೂ ಕೊಡಬಹುದು.

ತೊಡಕು ಇರುವುದೂ ಈ ಮುಕ್ತತೆಯಲ್ಲೇ. ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಎಲ್ಲ ಕನ್ನಡ ಪಠ್ಯಗಳೂ ಒಂದೇ ಹದದಲ್ಲಿರುವುದಿಲ್ಲ. ಇಂಗ್ಲಿಷ್ ಮೂಲದಲ್ಲಿ ಡಾಕ್ಟರ್, ನರ್ಸ್, ಬಸ್ ಡ್ರೈವರ್ ಮೂವರಿಗೂ ಕ್ರಿಯಾಪದ ಒಂದೇ. ಕನ್ನಡಕ್ಕೆ ತರುವವರು ಮಾತ್ರ ಪ್ರತಿ ಸಲ ಆರಿಸಲೇಬೇಕು. ಯೋಚಿಸದೆ ಆರಿಸಿದರೆ ‘ಡಾಕ್ಟರ್ ಬಂದರು, ನರ್ಸ್ ಬಂದಳು, ಡ್ರೈವರ್ ಬಂದ’ ಎಂದಾಗುತ್ತದೆ. ಮೂಲದಲ್ಲಿ ಇಲ್ಲದ ಹೆಣ್ಣು-ಗಂಡು, ಮೇಲು-ಕೀಳು ಅನುವಾದದಲ್ಲಿ ಹುಟ್ಟಿಕೊಂಡವು. ಹೀಗಾಗಿ ಮೂಲ ಪುಸ್ತಕ ಎಷ್ಟು ಚೆನ್ನಾಗಿದೆ ಎಂದು ಕೇಳಿದ ಮಾತ್ರಕ್ಕೆ ಕನ್ನಡ ಆವೃತ್ತಿಯನ್ನು ನಂಬಿ ತರಗತಿಗೆ ಒಯ್ಯಬೇಡಿ.

‘ನಾನು’ ಎಂದು ಹೇಳಿಕೊಳ್ಳುವ ಕಥೆಗಳಲ್ಲಿ ಈ ಗೊಡವೆ ಇಲ್ಲ. ‘ನಾನು ಮರ ಹತ್ತಿದೆ’ ಎಂದರೆ ಹತ್ತಿದ್ದು ಯಾರಾದರೂ ಆಗಬಹುದು. ಹಿಂದಿಯಲ್ಲಿ ಅಂಥ ವಾಕ್ಯದಲ್ಲೂ ಹೆಣ್ಣು-ಗಂಡು ಗೊತ್ತಾಗಿಬಿಡುತ್ತದೆ, ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಮಟ್ಟ 1ಕ್ಕೆ ಹುಡುಕುವವರು ಮೊದಲು ಇಂಥ ಕಥೆಗಳನ್ನು ಎತ್ತಿಕೊಳ್ಳಲಿ. ‘ಮಗು’ ಎಂಬ ನಪುಂಸಕ ಪದವೂ ನಮ್ಮ ಭಾಷೆಯ ದೊಡ್ಡ ಉಪಕಾರ: ಮಗು ಬಂತು, ಮಗು ನಕ್ಕಿತು. ಅದನ್ನು ‘ಪುಟ್ಟ’ ಮಾಡಿದೊಡನೆ ಗಂಡಾಯಿತು.

ಪ್ರಾಣಿಗಳ ವಿಷಯಕ್ಕೆ ಬಂದರೆ, ಕನ್ನಡದ ವ್ಯಾಕರಣ ಆನೆಯನ್ನು ‘ಬಂತು’ ಎಂದು ಬಿಟ್ಟುಬಿಡುತ್ತದೆ. ಕಥೆ ಹೇಳುವ ನಮ್ಮ ರೂಢಿ ಬಿಡುವುದಿಲ್ಲ. ನರಿಯಣ್ಣ, ಕರಡಿಯಣ್ಣ, ಗಿಳಿರಾಮ. ಅಕ್ಕಂದಿರೆಂದರೆ ಗುಬ್ಬಕ್ಕ, ಕಾಗಕ್ಕ. ಗುಬ್ಬಕ್ಕನ ಕಥೆಯಲ್ಲಿ ಅವಳು ಬಾಗಿಲು ತೆರೆಯಲಾಗದಷ್ಟು ಮರಿಯ ಸ್ನಾನ, ಊಟದಲ್ಲೇ ಮುಳುಗಿರುತ್ತಾಳೆ. ಇದು ನಮ್ಮೊಬ್ಬರ ಚಾಳಿ ಅಲ್ಲ. ಅಮೆರಿಕದಲ್ಲಿ 1900ರಿಂದ 2000ದವರೆಗೆ ಬಂದ 5,618 ಮಕ್ಕಳ ಪುಸ್ತಕಗಳನ್ನು ಎಣಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶೇ 57ರಷ್ಟು ಪುಸ್ತಕಗಳಲ್ಲಿ ಗಂಡು ಮುಖ್ಯ ಪಾತ್ರಗಳಿದ್ದವು, ಹೆಣ್ಣು ಮುಖ್ಯ ಪಾತ್ರಗಳಿದ್ದದ್ದು ಶೇ 31ರಲ್ಲಿ. ಅಂತರ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಪ್ರಾಣಿಗಳಲ್ಲಿ. ಇಂಗ್ಲಿಷ್‌ನ ‘ಹೀ’ಯನ್ನು ನೋಡಿ ಕನ್ನಡದಲ್ಲಿ ‘ಆಮೆ ಹೊರಟನು’ ಎಂದು ಬರೆದಿದ್ದರೆ ಅದು ಭಾಷೆಗೂ ಒಗ್ಗದು, ಮಕ್ಕಳಿಗೂ ಬೇಡ. ‘ಆಮೆ ಹೊರಟಿತು’ ಸಾಕು.

ಜೀವನಚರಿತ್ರೆಗಳಲ್ಲಿ ಬೇರೆಯೇ ಎಡವಟ್ಟು ಕಾದಿರುತ್ತದೆ. ಪ್ರಥಮ್ ಬುಕ್ಸ್ ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ಬಗ್ಗೆ ಮಕ್ಕಳ ಪುಸ್ತಕ ತಂದಿದೆ. ವಿಷಯದ ಆಯ್ಕೆಗೇ ಪೂರ್ತಿ ಅಂಕ ಕೊಡಬೇಕು. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಬೇಕು ಎಂದ ಹುಡುಗಿ ಮುಂದೆ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳನ್ನೇ ಅಧ್ಯಯನ ಮಾಡಿದರು. ಇಂಥ ಬದುಕನ್ನು ಕನ್ನಡದಲ್ಲಿ ಹೇಳುವಾಗ ನೋಡಬೇಕಾದದ್ದು ಒಂದೇ: ರಾಮನ್ ‘ಹೇಳಿದರು’ ಆಗಿರುವ ಪುಟದಲ್ಲಿ ವಿಜ್ಞಾನಿ ಅನ್ನಾ ‘ಕೇಳಿದಳು’ ಆಗಿದ್ದಾರೆಯೇ? ಬಾಲ್ಯದ ಪುಟಗಳಲ್ಲಿ ‘ಕೇಳಿದಳು’ ಸರಿ. ಕಾಲೇಜಿಗೆ ಕಾಲಿಡುವ ಪುಟದಿಂದ ‘ರು’ ಶುರುವಾಗಬೇಕು. ‘ಮಹಿಳಾ ವಿಜ್ಞಾನಿ’ ಎಂಬ ಮಾತು ಕಂಡಲ್ಲೆಲ್ಲ ಮೊದಲ ಪದ ಹೊಡೆದು ಓದಿ. ಅರ್ಥ ಕೆಡದಿದ್ದರೆ ಆ ಪದ ಅಲ್ಲಿ ಬೇಕಿರಲಿಲ್ಲ.

ಪುಸ್ತಕ ಇಳಿಸುವ ಮುನ್ನ ಹತ್ತು ನಿಮಿಷ ಕೊಡಿ. ಮೊದಲ ಸುತ್ತಿನಲ್ಲಿ ಪಠ್ಯ ಓದಬೇಡಿ, ಚಿತ್ರ ಮಾತ್ರ ನೋಡಿ. ಪ್ರತಿ ಪುಟದಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಬರೆದುಕೊಳ್ಳಿ: ಸೌಟು, ಪೊರಕೆ, ಸ್ಪ್ಯಾನರ್, ಪುಸ್ತಕ, ಸ್ಟಿಯರಿಂಗ್. ಹಿನ್ನೆಲೆಯ ಜನರನ್ನೂ ಎಣಿಸಿ. ಕಥಾನಾಯಕಿ ಗಾಳಿಪಟ ಹಾರಿಸುತ್ತಿದ್ದರೂ ಮೈದಾನದಲ್ಲಿ ಉಳಿದವರೆಲ್ಲ ಹುಡುಗರೇ ಆಗಿದ್ದರೆ ಮಗುವಿಗೆ ತಲುಪುವುದು ಅವಳು ವಿಚಿತ್ರ ಎಂಬುದೇ. ಎರಡನೆಯ ಸುತ್ತಿನಲ್ಲಿ ಕ್ರಿಯಾಪದಗಳು. ಅಳುವ ಮಾತು ಇರುವೆಡೆಯೆಲ್ಲ ಗೆರೆ ಹಾಕಿ, ಅತ್ತದ್ದು ಯಾರು, ಉಪಾಯ ಹೂಡಿದ್ದು ಯಾರು, ಕೊನೆಗೆ ಬಿಡಿಸಿದ್ದು ಯಾರು ನೋಡಿ. ಹುಡುಗ ಅತ್ತಾಗ ಅವನನ್ನು ಯಾರೂ ಹೀಯಾಳಿಸದ ಪುಸ್ತಕ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಧೀರ ಹುಡುಗಿಯರ ಕಥೆಗಳು ಸಿಗುವಷ್ಟು ಸುಲಭವಾಗಿ ಮೃದು ಮನಸ್ಸಿನ ಹುಡುಗರ ಕಥೆಗಳು ಸಿಗುವುದಿಲ್ಲ.

ತಿದ್ದುವಾಗ ಜನ ಮಾಡುವ ಮೊದಲ ತಪ್ಪು ಹೆಸರು ಮಾತ್ರ ಬದಲಿಸುವುದು. ರಾಜು ರಾಧಾ ಆದಳು, ಏಳನೆಯ ಪುಟದಲ್ಲಿ ‘ಓಡಿದ’ ಹಾಗೇ ಉಳಿಯಿತು, ಚಿತ್ರದಲ್ಲಿ ಚಡ್ಡಿ ಹಾಕಿದ ಹುಡುಗನೇ ಇದ್ದಾನೆ. ಚಿತ್ರಕ್ಕೆ ಹೊಂದುವ ತಿದ್ದುಪಡಿಯನ್ನಷ್ಟೇ ಕೈಗೆತ್ತಿಕೊಳ್ಳಿ. ಎರಡನೆಯ ತಪ್ಪು ಎಲ್ಲವನ್ನೂ ‘ರು’ ಮಾಡುವುದು. ಮಟ್ಟ 1ರ ಮಗು ‘ಅವರು ಓಡಿದರು’ ಎಂಬುದನ್ನು ಬಹಳ ಜನ ಓಡಿದರು ಎಂದೇ ತಿಳಿಯುತ್ತದೆ, ಚಿತ್ರದಲ್ಲಿ ಒಬ್ಬರೇ ಇದ್ದರೆ ಗಲಿಬಿಲಿಯಾಗುತ್ತದೆ. ದೊಡ್ಡವರ ಪಾತ್ರಗಳಿಗೆ ಮಾತ್ರ ‘ರು’ ಇರಲಿ, ಅಮ್ಮನಿಗೂ ಅಪ್ಪನಿಗೂ ಒಂದೇ ತೂಕದಲ್ಲಿ. ನಿಮ್ಮ ಮನೆಯಲ್ಲಿ ‘ಅಪ್ಪ ಬಂದ’ ಎನ್ನುವ ರೂಢಿಯಿದ್ದರೆ ‘ಅಮ್ಮ ಬಂದಳು’ ಎಂಬುದರಲ್ಲೂ ತಪ್ಪಿಲ್ಲ. ಚಿತ್ರದೊಳಗೇ ಬರೆದಿರುವ ಅಕ್ಷರಗಳು, ಅಂಗಡಿ ಬೋರ್ಡಿನಂಥವು, ಪಠ್ಯ ಬದಲಿಸಿದರೂ ಬದಲಾಗವು. ಅವನ್ನು ಮೊದಲೇ ನೋಡಿಕೊಳ್ಳಿ.

ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರಿಗೆ ಈ ತಾಣವನ್ನು ಧೈರ್ಯವಾಗಿ ಹೇಳಬಹುದು, ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟು ಎರಡೂ ಓದಿಸಬಹುದು. ತಿದ್ದಿದ ಪ್ರತಿಯನ್ನು ಹಂಚುವವರು ಲೇಖಕರು, ಚಿತ್ರಕಾರರು, ಅನುವಾದಕರ ಹೆಸರು ಮತ್ತು ಪರವಾನಗಿಯಿರುವ ಕೊನೆಯ ಪುಟವನ್ನು ಕತ್ತರಿಸಬಾರದು. ಬದಲಾವಣೆ ಮಾಡಿದ್ದೀರಿ ಎಂದು ತಿಳಿಸುವುದು ಪರವಾನಗಿಯ ಷರತ್ತು: ‘ಪುಟ 3, 7, 11ರಲ್ಲಿ ಕ್ರಿಯಾಪದಗಳನ್ನು ಬದಲಿಸಲಾಗಿದೆ’ ಎಂದರೆ ಸಾಕು.