‘ಡಬಲ್ ಕೋಟ್’ ಎಂದು ಹೆಚ್ಚು ದುಡ್ಡು ಕೊಡುವ ಮುನ್ನ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ಅಡಿಕೆ ತೋಟದ ನಡುವಿನ ಒಂದು ಮನೆ. ರಾತ್ರಿ ಯಾರಾದರೂ ತೋಟಕ್ಕೆ ಇಳಿದರೆ ಬೊಗಳಬೇಕು, ಮನೆಯೊಳಗೆ ಕೂದಲು ಉದುರಬಾರದು, ಮಕ್ಕಳೊಂದಿಗೆ ಹೊಂದಿಕೊಳ್ಳಬೇಕು. ನಾಯಿಯಿಂದ ಅವರಿಗೆ ಬೇಕಿದ್ದದ್ದು ಇಷ್ಟೇ. ಲ್ಯಾಬ್ರಡಾರ್ ನೋಡಿದರು, ಕೂದಲು ಉದುರುತ್ತದೆ ಎಂದು ಬಿಟ್ಟರು. ಕೊನೆಗೆ ಮೊಬೈಲಿಗೆ ಬಂದ ವಿಡಿಯೋ ನೋಡಿ ಅಲ್ಸೇಶಿಯನ್ (ಜರ್ಮನ್ ಶೆಫರ್ಡ್) ಮರಿ ತಂದರು. “ಇದು ಸಿಂಗಲ್ ಕೋಟ್ ಅಲ್ಲ ಅಣ್ಣಾ, ಡಬಲ್ ಕೋಟ್. ಉದ್ದ ಕೂದಲು ಉದುರುವುದಿಲ್ಲ” ಎಂದ ಮಾರುವವನ ಮಾತಿಗೆ ಮಾಮೂಲು ಬೆಲೆಯ ಮೇಲೆ 8,000 ರೂಪಾಯಿ ಹೆಚ್ಚು ಕೊಟ್ಟರು. ಮರಿಗೆ ಆಗ 40 ದಿನ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ನಾಯಿಯ ಮೈ ಬೋಳಾಗಿತ್ತು, ಸೊಂಟದ ಮೇಲೆ ಅಂಗೈಯಗಲದ ಹುಣ್ಣಿತ್ತು, ಮನೆಯ ಹುಡುಗನ ಕೈಗೆ ಹಲ್ಲು ತಾಗಿತ್ತು.

ಇಲ್ಲಿ ಯಾರೂ ನಾಯಿಯನ್ನು ಬೇಕೆಂದೇ ಹಿಂಸಿಸಿದವರಲ್ಲ. ಒಂದೊಂದು ಹೆಜ್ಜೆಯಲ್ಲೂ ಒಳ್ಳೆಯದಾಗಲಿ ಎಂದೇ ಮಾಡಿದರು. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯಬೇಕಾಗಿದೆ.

ಮೊದಲು ಆ ‘ಡಬಲ್ ಕೋಟ್’ ಎಂಬ ಮಾತು. ಅದರ ಅರ್ಥ ಎರಡು ಪದರದ ಕೂದಲು. ಮೇಲೆ ಕಾಣುವ ಒರಟು ಹೊರಗೂದಲು, ಅದರ ಬುಡದಲ್ಲಿ ಹತ್ತಿಯಂತೆ ಮೆತ್ತಗಿನ ದಟ್ಟ ಒಳಗೂದಲು. ಅಲ್ಸೇಶಿಯನ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಪೊಮೇರಿಯನ್ ಎಲ್ಲವೂ ಎರಡು ಪದರದವೇ. ಉದ್ದಕ್ಕೂ ಪದರಕ್ಕೂ ಸಂಬಂಧವಿಲ್ಲ. ಇನ್ನೂ ವಿಚಿತ್ರವೆಂದರೆ, ನಾಯಿ ತಳಿಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಸಿಐ ಒಪ್ಪಿದ ತಳಿ ಲಕ್ಷಣದಲ್ಲಿ ಜರ್ಮನ್ ಶೆಫರ್ಡ್‌ಗೆ ಎರಡು ಬಗೆಯ ಕೂದಲು ಹೇಳಿದ್ದಾರೆ, ಅದರಲ್ಲಿ ‘ಡಬಲ್ ಕೋಟ್’ ಎಂದಿರುವುದು ಗಿಡ್ಡ ಕೂದಲಿನದಕ್ಕೆ. ಉದ್ದ ಕೂದಲಿನದು ಬೇರೆ ಬಗೆ, ಅದಕ್ಕೂ ಒಳಗೂದಲು ಇರಬೇಕು. ನಮ್ಮ ಕಡೆ ವ್ಯಾಪಾರದಲ್ಲಿ ಈ ಹೆಸರು ತಲೆಕೆಳಗಾಗಿದೆ. ‘ಸಿಂಗಲ್ ಕೋಟ್ ಅಲ್ಸೇಶಿಯನ್’ ಎಂದು ಕಡಿಮೆ ಬೆಲೆಗೆ ಮಾರುವುದೂ ಎರಡು ಪದರದ್ದೇ ನಾಯಿ.

ಉದುರುವುದು ಮುಖ್ಯವಾಗಿ ಒಳಗೂದಲು. ಚಳಿ ದೇಶದಲ್ಲಿ ಹಗಲಿನ ಉದ್ದ ಬದಲಾದಂತೆ ವರ್ಷಕ್ಕೆರಡು ಬಾರಿ ರಾಶಿ ರಾಶಿಯಾಗಿ ಉದುರುತ್ತದೆ. ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ. ಗಿಡ್ಡ ಕೂದಲಿನ ನಾಯಿಯಲ್ಲಿ ಅದು ನೆಲಕ್ಕೆ ಬೀಳುತ್ತದೆ, ಗುಡಿಸುವವರಿಗೆ ಕಾಣುತ್ತದೆ. ಉದ್ದ ಕೂದಲಿನದರಲ್ಲಿ ಸತ್ತ ಒಳಗೂದಲು ಹೊರಗೂದಲಿನ ನಡುವೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ನೆಲದಲ್ಲಿ ಕಾಣದ್ದನ್ನು ‘ಉದುರುವುದಿಲ್ಲ’ ಎಂದು ಮಾರುತ್ತಾರೆ. ಬಾಚಿ ತೆಗೆಯದಿದ್ದರೆ ಅದೇ ಜಡೆಗಟ್ಟುತ್ತದೆ. ಮೊದಲು ಕಿವಿಯ ಹಿಂದೆ, ಆಮೇಲೆ ಕಂಕುಳಲ್ಲಿ, ತೊಡೆಯ ಹಿಂಬದಿ, ಬಾಲದ ಬುಡ, ಕೊರಳಪಟ್ಟಿಯ ಅಡಿ.

ಆ ಮನೆಯಲ್ಲಿ ಮೊದಲ ಮಳೆಗಾಲ ಏನೂ ತೊಂದರೆಯಾಗಲಿಲ್ಲ, ಏಕೆಂದರೆ ಆಗ ಇದ್ದದ್ದು ಮರಿಗೂದಲು. ನಾಲ್ಕರಿಂದ ಆರು ತಿಂಗಳಿಗೆ ಅದು ಬಿದ್ದು ದೊಡ್ಡ ನಾಯಿಯ ಕೂದಲು ಬರಲು ಶುರುವಾಗುತ್ತದೆ. ನಿಜವಾದ ಪರೀಕ್ಷೆ ಎರಡನೆಯ ಮಳೆಗಾಲದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯಲ್ಲಿ (ಜುಲೈ–ಆಗಸ್ಟ್) ಜಗಲಿಯ ಹಗ್ಗದಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದು. ಅಂಥದ್ದರಲ್ಲಿ ಎರಡು ಪದರದ ಉದ್ದ ಕೂದಲು ತಾನಾಗಿ ಎಲ್ಲಿ ಒಣಗುತ್ತದೆ? ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಬುಡದಲ್ಲಿ ಚರ್ಮ ಒದ್ದೆ. ಬೆಚ್ಚಗೆ, ಒದ್ದೆ, ಗಾಳಿಯಿಲ್ಲ: ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ನಾಯಿ ಮುಗ್ಗಲು ವಾಸನೆ ಬರತೊಡಗಿದಾಗ ಆ ಮನೆಯವರು ವಾರಕ್ಕೊಮ್ಮೆ ಮೀಯಿಸಿದರು. ದೊಡ್ಡ ತಪ್ಪು ಇಲ್ಲಿಂದ ಶುರು. ಜಡೆಗಟ್ಟಿದ ಕೂದಲಿಗೆ ನೀರು ಬಿದ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ, ಶಾಂಪೂ ಅದರೊಳಗೆ ಉಳಿದು ತುರಿಕೆ ತರುತ್ತದೆ. ತುರಿಸಿದಲ್ಲಿ ನಾಯಿ ನೆಕ್ಕುತ್ತದೆ, ಕಚ್ಚುತ್ತದೆ. ಸೊಂಟದ ಮೇಲಿನ ‘ಹಾಟ್ ಸ್ಪಾಟ್’ ಎಂಬ ಹುಣ್ಣು ಹೀಗೆಯೇ ಬಂದದ್ದು. ಬೆಳಿಗ್ಗೆ ರೂಪಾಯಿಯಷ್ಟಿದ್ದದ್ದು ಸಂಜೆಗೆ ಅಂಗೈಯಷ್ಟಾಗುವ ಹುಣ್ಣು ಅದು. ಕೀವು ಜಿನುಗಿ ಮೇಲಿನ ಕೂದಲು ಅಂಟಿಕೊಳ್ಳುವುದರಿಂದ ಕಣ್ಣಿಗೆ ಬೀಳುವಾಗ ತಡವಾಗಿರುತ್ತದೆ. ಹುಣ್ಣಿನ ಸುತ್ತ ಎರಡು ಬೆರಳಗಲ ಕೂದಲು ಕತ್ತರಿಸಿ, ಗಾಳಿ ಆಡುವಂತೆ ಮಾಡಿ, ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ ಡಾಕ್ಟರರಿಗೆ ತೋರಿಸಬೇಕು. ಅರಸಿನ–ಎಣ್ಣೆ ಕಲಸಿ ಹಚ್ಚಬಾರದು, ಎಣ್ಣೆ ಗಾಳಿಯನ್ನು ಮುಚ್ಚುತ್ತದೆ.

ಇನ್ನೊಂದು, ತೋಟದ ಮನೆಗಳಿಗೆ ಮಾತ್ರ ಇರುವ ಅಪಾಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಸಿಂಪಡಿಸುವ ದಿನ ಅಡಿಕೆ ಮರದ ಕೆಳಗೆ ತಿರುಗಿದ ನಾಯಿಯ ಮೈಮೇಲೆ ಮೈಲುತುತ್ತದ ನೀರು ತೊಟ್ಟಿಕ್ಕುತ್ತದೆ. ಗಿಡ್ಡ ಕೂದಲಿನ ಮೈಯಿಂದ ಅದು ಜಾರಿ ಹೋಗುತ್ತದೆ, ಒರೆಸಬಹುದು. ಉದ್ದ ಕೂದಲು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ, ನಾಯಿ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ. ವಾಂತಿ, ನೀಲಿ–ಹಸಿರು ಜೊಲ್ಲು ಕಂಡರೆ ಕಾಯಬೇಡಿ, ಕೂಡಲೇ ಡಾಕ್ಟರರಲ್ಲಿಗೆ. ಸಿಂಪಡಣೆಯ ದಿನ ಮತ್ತು ಮರುದಿನ ನಾಯಿಯನ್ನು ತೋಟಕ್ಕೆ ಬಿಡಲೇಬೇಡಿ. ತೋಟದ ಕಳೆ ಉತ್ತರಣೆಯ ಬೀಜವೂ ಹಾಗೆಯೇ. ಕಾಲ್ಬೆರಳ ಸಂದಿಯ ಉದ್ದ ಕೂದಲಲ್ಲಿ ಕೂತು ಸುತ್ತ ಗಂಟು ಕಟ್ಟಿಸುತ್ತದೆ.

ಸೆಪ್ಟೆಂಬರಿನಲ್ಲಿ ಬೇಸತ್ತು ಮಷಿನ್ ಹಿಡಿಸಿ ಬುಡದವರೆಗೆ ಬೋಳಿಸಿದರು. “ಸೆಕೆಗೂ ಒಳ್ಳೆಯದು” ಎಂದು ಯಾರೋ ಹೇಳಿದ್ದರು. ಎರಡು ಪದರದ ನಾಯಿಗೆ ಇದು ಒಳ್ಳೆಯದಲ್ಲ. ನಾಯಿ ಮೈ ಬೆವರಿ ತಣಿಯುವುದಿಲ್ಲ, ನಾಲಿಗೆ ಚಾಚಿ ಏದುಸಿರಿನಿಂದ ತಣಿಯುತ್ತದೆ. ಬಾಚಿ ಸಡಿಲವಾಗಿಟ್ಟ ಕೂದಲು ಬಿಸಿಲನ್ನು ಚರ್ಮಕ್ಕೆ ತಲುಪಲು ಬಿಡುವುದಿಲ್ಲ. ಬೋಳಿಸಿದರೆ ಆ ಮರೆಯೂ ಹೋಗುತ್ತದೆ. ಮೇಲಾಗಿ ಕೂದಲು ಮೊದಲಿನಂತೆ ಬರುತ್ತದೆಂಬ ಖಾತ್ರಿಯಿಲ್ಲ. ಒಳಗೂದಲು ಮುಂದೆ ಓಡುತ್ತದೆ, ಹೊರಗೂದಲು ಹಿಂದೆ ಬೀಳುತ್ತದೆ, ಅಲ್ಲಲ್ಲಿ ಬೋಳು ತೇಪೆ ಉಳಿಯುತ್ತದೆ. ಸರಿಹೋಗಲು ಆರು ತಿಂಗಳಿಂದ ಎರಡು ವರ್ಷವೂ ಬೇಕಾದೀತು. ಜಡೆ ಚರ್ಮವನ್ನೇ ಎಳೆಯುವಷ್ಟು ಬಿಗಿದಾಗ ಬೋಳಿಸದೆ ವಿಧಿಯಿಲ್ಲ, ಅದು ಬೇರೆ ಮಾತು. ಅಲ್ಲಿಗೆ ಬರದಂತೆ ನೋಡಿಕೊಳ್ಳಬೇಕು.

ಬೋಳಿಸಿದಾಗಲೇ ಉಣುಗು (ಉಣ್ಣೆ) ಕಂಡದ್ದು, ಕಿವಿಯೊಳಗೂ ಬೆರಳ ಸಂದಿಯಲ್ಲೂ ನೂರಾರು. ಕಂದು ಉಣುಗು ತನ್ನ ಬದುಕಿನ ಹೆಚ್ಚಿನ ಭಾಗ ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಲ್ಲಿ. ಗಿಲಾವು ಮಾಡದ ಮುರಕಲ್ಲಿನ ಗೋಡೆಯ ತೂತುಗಳು ಅದಕ್ಕೆ ಸಿದ್ಧ ಮನೆ. ರಕ್ತ ಕುಡಿದು ಉಬ್ಬಿದ ಒಂದೇ ಹೆಣ್ಣು ಸಾವಿರಕ್ಕೂ ಮೀರಿ ಮೊಟ್ಟೆಯಿಡುತ್ತದೆ. ಹಾಗಾಗಿ ನಾಯಿಗೆ ಮಾತ್ರ ಮದ್ದು ಮಾಡಿ ಗೂಡಿನ ಗೋಡೆ ಬಿಟ್ಟರೆ ಫಲವಿಲ್ಲ. ಆ ಮನೆಯಲ್ಲಿ ದನಕ್ಕೆಂದು ತಂದ ಉಣುಗಿನ ಮದ್ದನ್ನೇ ಅಂದಾಜಿನಲ್ಲಿ ನೀರಿಗೆ ಹಾಕಿ ನಾಯಿಯ ಮೇಲೆ ಸುರಿದಿದ್ದರು. ಉದ್ದ ಕೂದಲಿದ್ದಾಗ ಅದು ಚರ್ಮಕ್ಕೆ ಇಳಿಯಲೇ ಇಲ್ಲ, ನೆಕ್ಕಿದ್ದಷ್ಟು ಹೊಟ್ಟೆಗೆ ಹೋಯಿತು. ಬಾಯಿಗೆ ಕೊಡುವ ಮಾತ್ರೆಗಳಿವೆ, ತೂಕ ನೋಡಿ ಡಾಕ್ಟರರು ಬರೆದುಕೊಡುತ್ತಾರೆ. ಬೆಕ್ಕಿರುವ ಮನೆಯಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಮದ್ದು ನಾಯಿಗೆ ಹಾಕುವಾಗ ಎಚ್ಚರ; ಬೆಕ್ಕಿಗೆ ಅದು ಪ್ರಾಣಾಂತಿಕ. ಉಣುಗು ಕಂಡ ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಮೈ ಬಿಸಿಯಾದರೆ (ಮಾಮೂಲು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್) ಉಣುಗು ಜ್ವರವೆಂದೇ ಶಂಕಿಸಿ ರಕ್ತ ಪರೀಕ್ಷೆ ಮಾಡಿಸಿ. ಉಣುಗಿನಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಆಗಿದ್ದರೆ ಡಾಕ್ಸಿಸೈಕ್ಲಿನ್ ಮದ್ದು ಸಾಮಾನ್ಯವಾಗಿ 28 ದಿನ. ನಾಯಿ ಗೆಲುವಾಯಿತೆಂದು ಹತ್ತನೇ ದಿನಕ್ಕೆ ನಿಲ್ಲಿಸಬಾರದು.

ಈಗ ಹುಡುಗನ ಕೈಯ ಗಾಯ. ಅವನು ನಾಯಿಯ ಕಿವಿಯ ಹಿಂದಿನ ಜಡೆಯನ್ನು ಕತ್ತರಿಯಿಂದ ತೆಗೆಯಲು ಹೋದ. ಬಿಗಿದ ಗಂಟಿನೊಂದಿಗೆ ಚರ್ಮವೂ ಮೇಲೆದ್ದು ಬರುತ್ತದೆ, ಕತ್ತರಿ ಚರ್ಮಕ್ಕೇ ಬಿತ್ತು, ನಾಯಿ ತಿರುಗಿ ಕಚ್ಚಿತು. ಮನೆಯವರು ಅದನ್ನು ‘ತಳಿಯ ಗುಣ’ ಎಂದರು. ನೋವಾದರೆ ಯಾವ ತಳಿಯೂ ಕಚ್ಚುತ್ತದೆ. ಆದರೆ ತಳಿಯ ಪಾಲೂ ಇಲ್ಲದಿಲ್ಲ. ಅಲ್ಸೇಶಿಯನ್ ಕುರಿ ಕಾಯಲು ಬೆಳೆಸಿದ ತಳಿ, ದಿನವಿಡೀ ಯಜಮಾನನ ಜೊತೆ ಕೆಲಸ ಮಾಡಬೇಕಾದದ್ದು. ಹಗಲಿಡೀ ಕೊಟ್ಟಿಗೆಯ ಬದಿ ಸರಪಳಿಯಲ್ಲಿ ಕಟ್ಟಿಹಾಕಿದರೆ ಅದು ಕಾವಲು ಕಲಿಯುವುದಿಲ್ಲ, ಹೆದರಿಕೆ ಮತ್ತು ಸಿಟ್ಟು ಕಲಿಯುತ್ತದೆ. ಸಾಕುನಾಯಿಯೇ ಕಚ್ಚಿರಲಿ, ರೇಬಿಸ್ ಲಸಿಕೆ ಹಾಕಿಸಿದ್ದೇ ಇರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಅಂಥ ಮನೆಗೆ ಏನು ತರಬಹುದಿತ್ತು? ನನ್ನ ಮಾತು ಕೇಳುವುದಾದರೆ, ಮೊದಲನೆಯದು ಊರ ನಾಯಿಯ ಮರಿ. ಗಿಡ್ಡ ಕೂದಲು, ಮೈ ಕೊಡವಿ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಅಪರಿಚಿತರಿಗೆ ಬೊಗಳುತ್ತದೆ. ಎರಡನೆಯದು ಬೊಗಳುವುದಷ್ಟೇ ಸಾಕೆಂದರೆ ಇಂಡಿಯನ್ ಸ್ಪಿಟ್ಜ್. ನಮ್ಮಲ್ಲಿ ಪೊಮೇರಿಯನ್ ಎಂದು ಕರೆಯುವುದು ಬಹುತೇಕ ಇದನ್ನೇ. ಅದೂ ಎರಡು ಪದರದ್ದು, ಆದರೆ ಮೈ ಸಣ್ಣದು, ಹದಿನೈದು ನಿಮಿಷದಲ್ಲಿ ಬಾಚಿ ಮುಗಿಯುತ್ತದೆ. ಲ್ಯಾಬ್ರಡಾರ್ ಮಕ್ಕಳಿಗೆ ಒಳ್ಳೆಯ ಜೊತೆ. ಕೂದಲು ಧಾರಾಳ ಉದುರುತ್ತದೆ, ಕಾವಲಿಗೆ ಮಾತ್ರ ನಂಬಬೇಡಿ, ಬಂದವರ ಕೈಯ ಬಿಸ್ಕತ್ತಿಗೆ ಬಾಲ ಆಡಿಸುತ್ತದೆ. ನೇತಾಡುವ ಕಿವಿಯನ್ನು ಮಳೆಗಾಲದಲ್ಲಿ ವಾರಕ್ಕೆರಡು ಸಲ ಒರೆಸಿ ಮೂಸಿ ನೋಡಬೇಕು. ಮುಧೋಳ, ರಾಜಪಾಳಯಂ ಕೂದಲಿನ ವಿಷಯದಲ್ಲಿ ನಮ್ಮ ಹವೆಗೆ ಹೇಳಿ ಮಾಡಿಸಿದಂತಿವೆ. ಆದರೆ ಇವು ಕಣ್ಣೆದುರು ಓಡಿದ್ದನ್ನು ಅಟ್ಟುವ ಬೇಟೆ ನಾಯಿಗಳು: ಕೋಳಿ, ಬೆಕ್ಕು, ನೆರೆಮನೆಯ ಆಡು ಯಾವುದೂ ಉಳಿಯದು. ಎತ್ತರದ ಬೇಲಿ ಮತ್ತು ದಿನಾ ಓಡಿಸುವ ಜಾಗ ಬೇಕು. ಅಚ್ಚ ಬಿಳಿಯ, ಗುಲಾಬಿ ಮೂಗಿನ ರಾಜಪಾಳಯಂ ಮರಿಯಾದರೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಕಿವಿ ಕೇಳುತ್ತದೆಯೇ ನೋಡಿ, ಆ ಬಣ್ಣದಲ್ಲಿ ಕಿವುಡುತನ ಬರುವುದುಂಟು. ಹಸ್ಕಿ ಈ ಜಿಲ್ಲೆಗೆ ಬೇಡವೇ ಬೇಡ.

ದಮ್ಮು, ಅಲರ್ಜಿ ಇರುವವರಿಗೆ ‘ಕೂದಲುದುರದ ತಳಿ’ ಎಂದು ಶಿಟ್ಸು, ಪೂಡಲ್ ಮಾರುತ್ತಾರೆ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನ್. 2012ರಲ್ಲಿ ಪ್ರಕಟವಾದ ನೆದರ್ಲ್ಯಾಂಡ್ಸ್‌ನ ಒಂದು ಅಧ್ಯಯನದಲ್ಲಿ ಇಂಥ ತಳಿಗಳ ಕೂದಲಲ್ಲಿ ಆ ಪ್ರೋಟೀನ್ ಬೇರೆ ತಳಿಗಳಿಗಿಂತ ಕಡಿಮೆ ಇರಲಿಲ್ಲ. ಅಲರ್ಜಿ ಇರುವವರು ಮರಿ ತರುವ ಮೊದಲು ಅದೇ ತಳಿಯ ನಾಯಿ ಇರುವ ಮನೆಯಲ್ಲಿ ಕೆಲವು ದಿನ ಗಂಟೆಗಟ್ಟಲೆ ಕೂತು ನೋಡಲಿ. ಈ ತಳಿಗಳ ಕೂದಲು ನಿಲ್ಲದೆ ಬೆಳೆಯುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸುವ ಖರ್ಚೂ ಇದೆ.

ಮರಿ ನೋಡಲು ಹೋದಾಗ ಮರಿಯ ಕೂದಲನ್ನಲ್ಲ, ತಾಯಿಯ ಕೂದಲನ್ನು ನೋಡಿ. ಸೊಂಟದ ಮೇಲೆ ಬೆರಳಿಂದ ಬೈತಲೆ ತೆಗೆಯಿರಿ: ಚರ್ಮ ಸುಲಭವಾಗಿ ಕಂಡರೆ ಒಳಗೂದಲು ತೆಳು, ಹತ್ತಿಯಂಥದ್ದು ಅಡ್ಡ ಬಂದರೆ ದಟ್ಟ. ಅಲ್ಸೇಶಿಯನ್ ಮರಿಯ ಕಿವಿಯ ಹಿಂದೆ ಮತ್ತು ಬೆರಳ ಸಂದಿಯಲ್ಲಿ ಕುಚ್ಚು ಇದ್ದರೆ ಅದು ಉದ್ದ ಕೂದಲಿನದಾಗುತ್ತದೆ. ತಾಯಿ ಅಪರಿಚಿತರನ್ನು ಕಂಡು ಮೂಲೆಗೆ ಸರಿದರೆ ಅಥವಾ ಹಲ್ಲು ತೋರಿಸುತ್ತಲೇ ಇದ್ದರೆ ಬಿಟ್ಟುಬಿಡಿ. ಮರಿಯ ಹತ್ತಿರ ಬೀಗದ ಕೈ ಗೊಂಚಲು ಬೀಳಿಸಿ. ಬೆಚ್ಚಿ, ಮತ್ತೆ ಬಂದು ಮೂಸುವ ಮರಿ ಒಳ್ಳೆಯದು, ಅಡಗಿ ಕೂತದ್ದು ಬೇಡ. ತಾಯಿಯನ್ನು ತೋರಿಸದವರಿಂದ ಕೊಳ್ಳಬೇಡಿ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರಿಗೆ ನೋಂದಣಿಯೂ ಕಡ್ಡಾಯ. 40 ದಿನದ ಮರಿ ಒಡಹುಟ್ಟಿದವುಗಳ ಜೊತೆ ಕಚ್ಚಾಡಿ ಹಲ್ಲಿನ ಹಿಡಿತ ಕಲಿಯುವ ಮೊದಲೇ ಬಂದಿರುತ್ತದೆ.

ಉದ್ದ ಕೂದಲಿನ ನಾಯಿ ಈಗಾಗಲೇ ಮನೆಯಲ್ಲಿದ್ದರೆ ಮಳೆ ಹಿಡಿಯುವ ಮೊದಲು, ಮೇ ಕೊನೆಗೆ, ಹೊಟ್ಟೆಯಡಿ, ಗುದದ ಸುತ್ತ, ತೊಡೆಯ ಹಿಂಬದಿ, ಪಾದದಡಿಯ ಕೂದಲನ್ನು ಒಂದಿಂಚಿಗೆ ಇಳಿಸಿ. ಬೆನ್ನು, ಪಕ್ಕೆ ಮುಟ್ಟಬೇಡಿ. ಒಂದು ಸ್ಲಿಕ್ಕರ್ ಬ್ರಷ್ (ಸಣ್ಣ ತಂತಿ ಹಲ್ಲಿನದು), ಒಂದು ಅಂಡರ್‌ಕೋಟ್ ರೇಕ್ (ಒಳಗೂದಲು ತೆಗೆಯುವ ಬಾಚಣಿಗೆ), ಒಂದು ಸ್ಟೀಲ್ ಬಾಚಣಿಗೆ ಸಾಕು. ಮಳೆಗಾಲದಲ್ಲಿ ದಿನ ಬಿಟ್ಟು ದಿನ ಅರ್ಧ ಗಂಟೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎಡಗೈಯಿಂದ ಕೂದಲನ್ನು ಮೇಲೆತ್ತಿ, ಕೆಳಗಿನ ಸಾಲಿನಿಂದ ಸ್ವಲ್ಪ ಸ್ವಲ್ಪವೇ ಬುಡದಿಂದ ತುದಿಗೆ ಬಾಚುತ್ತ ಬೆನ್ನಿನವರೆಗೆ ಬನ್ನಿ. ಕೊನೆಗೆ ಸ್ಟೀಲ್ ಬಾಚಣಿಗೆ ಚರ್ಮಕ್ಕೆ ತಾಗಿ ತಡೆಯಿಲ್ಲದೆ ಓಡಬೇಕು. ಸಣ್ಣ ಗಂಟಿಗೆ ಮೆಕ್ಕೆಜೋಳದ ಬಿಳಿ ಹಿಟ್ಟು (ಕಾರ್ನ್‌ಫ್ಲೋರ್) ಉದುರಿಸಿ ಬೆರಳಿಂದ ಬಿಡಿಸಿ. ಕತ್ತರಿಸಲೇಬೇಕಾದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲಷ್ಟೇ ಕತ್ತರಿ ಆಡಿಸಿ. ಬಾಚಿ ಮುಗಿಸದೆ ಮೀಯಿಸಬೇಡಿ. ಮೀಯಿಸುವುದೂ ತಿಂಗಳಿಗೊಮ್ಮೆ ಸಾಕು. ಆಮೇಲೆ ಎರಡು ಟವೆಲಿನಲ್ಲಿ ಒತ್ತಿ, ಬಿಸಿಯಿಲ್ಲದ ಗಾಳಿಯ ಬ್ಲೋವರಿನಿಂದ 30–45 ನಿಮಿಷ ಒಣಗಿಸಿ. ಕೂದಲನ್ನು ಬಿಡಿಸಿ ಕೈಯ ಹಿಂಬದಿಯನ್ನು ಚರ್ಮಕ್ಕೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒದ್ದೆಯಿದೆ.